ಪಂಪ್ ಹೀರಿದರೆ ಸಾಲದು, ಎದೆ ಹಾಲು ಬಿಡಬೇಕು

ಮೊದಲ ಎರಡು ಮಕ್ಕಳಿಗೆ ನಮ್ಮಲ್ಲಿ ಹೆರಿಗೆ ರಜೆ 26 ವಾರ. ಮೊದಲ ಆರು ತಿಂಗಳು ಮಗುವಿಗೆ ಎದೆಹಾಲೊಂದೇ ಸಾಕು, ಆಮೇಲೆ ಬೇರೆ ಆಹಾರದ ಜತೆ ಎರಡು ವರ್ಷ ಅಥವಾ ಅದಕ್ಕೂ ಮುಂದೆ ಎದೆಹಾಲು ಕೊಡುತ್ತಿರಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಕಾಗದದ ಮೇಲೆ ಎರಡೂ ಲೆಕ್ಕ ಹೆಚ್ಚುಕಡಿಮೆ ಹೊಂದುತ್ತವೆ. ಆದರೆ 26 ವಾರಗಳಲ್ಲಿ ಎಂಟು ವಾರದವರೆಗೆ ಹೆರಿಗೆಗೆ ಮುಂಚೆಯೇ ಖರ್ಚಾಗಬಹುದು. ಹಾಗೆ ರಜೆ ತೆಗೆದುಕೊಂಡವರು ಕೆಲಸಕ್ಕೆ ಮರಳುವಾಗ ಮಗುವಿಗೆ ನಾಲ್ಕು ತಿಂಗಳು ದಾಟಿರುತ್ತದೆ, ಅಷ್ಟೆ. ಶಾಲೆಯ ಟೀಚರು, ನರ್ಸು, ಬ್ಯಾಂಕಿನ ಉದ್ಯೋಗಿ, ಸಾಫ್ಟ್‌ವೇರ್ ಎಂಜಿನಿಯರು, ಎಲ್ಲರ ಮುಂದೆಯೂ ಆಗ ಒಂದೇ ಚಿಂತೆ: ಹಗಲಿನ ಒಂಬತ್ತು ಗಂಟೆ ಮಗುವಿಗೇನು ದಾರಿ, ತುಂಬಿ ಬಿಗಿಯುವ ಎದೆಗೇನು ದಾರಿ?

ಇದಕ್ಕೆ ಉತ್ತರವಾಗಿ ಮಾರುಕಟ್ಟೆಯಲ್ಲಿ ಬ್ರೆಸ್ಟ್ ಪಂಪ್‌ಗಳ ಸಾಲೇ ಇದೆ. ಡಬ್ಬಿಯ ಮೇಲೆ ದೊಡ್ಡಕ್ಷರದಲ್ಲಿ ಬರೆದಿರುವುದು ಹೀರುವ ಶಕ್ತಿಯ ಬಗ್ಗೆ. ಜೋರಾಗಿ ಹೀರಿದಷ್ಟೂ ಹಾಲು ಹೆಚ್ಚು ಎಂದುಕೊಂಡು ಕೊಂಡವರು ನೋವು ತಿಂದದ್ದೇ ಬಂತು. ಈ ಯಂತ್ರವನ್ನು ಆರಿಸುವ ಮೊದಲು ಎದೆಯಿಂದ ಹಾಲು ಹೊರಬರುವುದು ಹೇಗೆಂದು ತಿಳಿದರೆ ಅರ್ಧ ಕೆಲಸ ಮುಗಿದಂತೆ.

ಹಾಲು ಇಳಿಯುವ ಬಗೆ

ಎದೆಯೊಳಗೆ ಹಾಲು ತಯಾರಾಗುವುದು ದ್ರಾಕ್ಷಿಗೊಂಚಲಿನಂತೆ ಜೋಡಿಸಿಕೊಂಡ ಅತಿ ಸಣ್ಣ ಗೂಡುಗಳಲ್ಲಿ. ಪ್ರತಿ ಗೂಡಿನ ಸುತ್ತ ಸ್ನಾಯುವಿನ ಗುಣವುಳ್ಳ ಜೀವಕೋಶಗಳ ಬಲೆಯಿದೆ. ಮಗು ತೊಟ್ಟನ್ನು ಚೀಪಿದಾಗ ನರಗಳ ಮೂಲಕ ಸುದ್ದಿ ಮಿದುಳಿಗೆ ಮುಟ್ಟಿ, ಪಿಟ್ಯುಟರಿ ಗ್ರಂಥಿಯಿಂದ ಎರಡು ಹಾರ್ಮೋನುಗಳು ರಕ್ತಕ್ಕೆ ಇಳಿಯುತ್ತವೆ. ಪ್ರೊಲ್ಯಾಕ್ಟಿನ್ ಹಾಲು ಉತ್ಪತ್ತಿಗೆ ಪ್ರೇರಣೆ ಕೊಡುತ್ತದೆ. ಆಕ್ಸಿಟೋಸಿನ್ ಆ ಗೂಡುಗಳ ಸುತ್ತಲಿನ ಬಲೆಯನ್ನು ಬಿಗಿಗೊಳಿಸಿ ಒಳಗಿರುವ ಹಾಲನ್ನು ನಾಳಗಳಿಗೆ ಒತ್ತುತ್ತದೆ. ಹೀಗೆ ಒಳಗಿನಿಂದ ಒತ್ತಡ ಬರುವವರೆಗೆ ಹೊರಗಿನಿಂದ ಎಷ್ಟು ಹೀರಿದರೂ ಸಿಗುವುದು ಕೆಲವೇ ಹನಿ.

ಹಸು ಕರೆದವರಿಗೆ ಇದು ಗೊತ್ತಿರುವ ಸಂಗತಿ. ಕರುವನ್ನು ಬಿಟ್ಟು ಎರಡು ಗುಟುಕು ಕುಡಿಸದೆ ಎಷ್ಟೋ ಹಸುಗಳು ಸೊರ ಬಿಡುವುದಿಲ್ಲ. ಗದರಿದರೆ, ಹೆದರಿಸಿದರೆ ಇಳಿದ ಹಾಲೂ ನಿಲ್ಲುತ್ತದೆ. ಮನುಷ್ಯರ ದೇಹದಲ್ಲೂ ನೋವು, ಅವಸರ, ಯಾರಾದರೂ ಬಾಗಿಲು ತಟ್ಟಿಯಾರು ಎಂಬ ಆತಂಕ ಆಕ್ಸಿಟೋಸಿನ್‌ಗೆ ತಡೆಯೊಡ್ಡುತ್ತವೆ. ಮಗುವಿನ ಫೋಟೋ, ಅದರ ಬಟ್ಟೆಯ ವಾಸನೆ, ಅಳುವಿನ ದನಿ ಆಕ್ಸಿಟೋಸಿನ್ ಹೊರಡಲು ನೆರವಾಗುತ್ತವೆ. ಹಲವು ತಾಯಂದಿರು ಪಂಪ್ ಮಾಡುವಾಗ ಮೊಬೈಲಿನಲ್ಲಿ ಮಗುವಿನ ವೀಡಿಯೊ ನೋಡುವುದಕ್ಕೆ ಹೀಗೆ ಶರೀರಶಾಸ್ತ್ರದ ಆಧಾರವೇ ಇದೆ.

ಇನ್ನೊಂದು ನಿಯಮವೂ ಇದೆ. ಎದೆ ಖಾಲಿಯಾದಷ್ಟೂ ಬೇಗ ಮತ್ತೆ ತುಂಬುತ್ತದೆ. ತುಂಬಿಯೇ ಉಳಿದರೆ ತಯಾರಿಕೆ ನಿಧಾನವಾಗುತ್ತದೆ. ಕೆಲಸದ ಹೊತ್ತಿನಲ್ಲಿ ಒಂಬತ್ತು ಗಂಟೆ ಹಾಲು ತೆಗೆಯದಿದ್ದರೆ ಮೊದಲು ಎದೆ ಕಲ್ಲಾಗುತ್ತದೆ. ಹಾಲು ಕಟ್ಟಿಕೊಂಡು ಬಾವು, ಜ್ವರ ಬರಲೂಬಹುದು. ಇದೇ ವಾರಗಟ್ಟಲೆ ನಡೆದರೆ ಹಾಲೇ ಕಡಿಮೆಯಾಗುತ್ತದೆ. ಆದ್ದರಿಂದ ಕಚೇರಿಯಲ್ಲಿ ಪಂಪ್ ಮಾಡುವುದು ನಾಳೆಯ ಬಾಟಲಿ ತುಂಬಿಸುವುದಕ್ಕೆ ಮಾತ್ರವಲ್ಲ, ಹಾಲು ಇನ್ನೂ ಬೇಕು ಎಂಬ ಸುದ್ದಿಯನ್ನು ದೇಹಕ್ಕೆ ಮುಟ್ಟಿಸುವುದಕ್ಕೂ ಹೌದು.

ಯಂತ್ರದ ಒಳಗೆ

ಅಮೆರಿಕದಲ್ಲಿ ಬ್ರೆಸ್ಟ್ ಪಂಪ್‌ಗೆ ಮೊದಲ ಪೇಟೆಂಟ್ ಪಡೆದವನು ಆರ್ವೆಲ್ ನೀಡಮ್, 1854ರಲ್ಲಿ. ವಿದ್ಯುತ್ ಪಂಪ್ ರೂಪಿಸಿದವರಲ್ಲಿ ಒಬ್ಬ ಎಡ್ವರ್ಡ್ ಲಾಸ್ಕರ್, 1920ರ ದಶಕದಲ್ಲಿ. ಈತ ಎಂಜಿನಿಯರೂ ಹೌದು, ಹೆಸರಾಂತ ಚೆಸ್ ಆಟಗಾರನೂ ಹೌದು. ಎಡೆಬಿಡದೆ ಎಳೆದರೆ ತೊಟ್ಟಿಗೆ ಗಾಯವಾಗುತ್ತದೆ, ಎಳೆತ ಮತ್ತು ಬಿಡುವು ಲಯಬದ್ಧವಾಗಿ ಬರಬೇಕು, ಎಳೆತಕ್ಕೊಂದು ಮಿತಿ ಇರಬೇಕು ಎಂಬ ತಿಳಿವಳಿಕೆ ಗಟ್ಟಿಯಾದದ್ದು 1950ರ ದಶಕದಲ್ಲಿ, ಸ್ವೀಡನ್ನಿನ ಎಂಜಿನಿಯರ್ ಐನಾರ್ ಎಗ್ನೆಲ್‌ನ ಕೆಲಸದಿಂದ. ಇಂದಿನ ಪಂಪ್‌ಗಳು ಆ ದಾರಿಯಲ್ಲೇ ಬಂದವು.

ಯಂತ್ರ ಸರಳವಾದದ್ದು. ಸಣ್ಣ ಮೋಟರು ರಬ್ಬರಿನ ಪೊರೆಯೊಂದನ್ನು ಹಿಂದೆ ಮುಂದೆ ಆಡಿಸುತ್ತದೆ. ಪೊರೆ ಹಿಂದೆ ಸರಿದಾಗ ಗಾಳಿಯ ಒತ್ತಡ ತಗ್ಗಿ, ಎದೆಗೆ ಹಿಡಿದ ಆಲಿಕೆಯಾಕಾರದ ಫ್ಲೇಂಜ್ ಒಳಕ್ಕೆ ತೊಟ್ಟು ಎಳೆಯಲ್ಪಡುತ್ತದೆ. ಮುಂದೆ ಬಂದಾಗ ಸಡಿಲಗೊಳ್ಳುತ್ತದೆ. ಫ್ಲೇಂಜಿನ ಕೆಳಗಿರುವ ಪುಟ್ಟ ಸಿಲಿಕೋನ್ ವಾಲ್ವ್ ಎಳೆತದ ಹೊತ್ತಿನಲ್ಲಿ ಮುಚ್ಚಿಕೊಂಡು, ಬಿಡುವಿನಲ್ಲಿ ತೆರೆದು ಹಾಲನ್ನು ಬಾಟಲಿಗೆ ಬಿಡುತ್ತದೆ.

ಮಗು ಮೊದಲು ಚುರುಕಾಗಿ, ಮೆಲ್ಲಗೆ ಚೀಪುತ್ತದೆ. ಹಾಲು ಇಳಿದ ಮೇಲೆ ಸೆಕೆಂಡಿಗೊಮ್ಮೆ ಎಂಬಂತೆ ನಿಧಾನವಾಗಿ, ಆಳವಾಗಿ ಎಳೆದು ನುಂಗುತ್ತದೆ. ಒಳ್ಳೆಯ ವಿದ್ಯುತ್ ಪಂಪ್ ಇದನ್ನೇ ಎರಡು ಹಂತಗಳಲ್ಲಿ ಅನುಕರಿಸುತ್ತದೆ. ಹಾಲು ಇಳಿಸುವ ಹಂತದಲ್ಲಿ ವೇಗ ಹೆಚ್ಚು, ಎಳೆತ ಕಡಿಮೆ. ಹಾಲು ತೆಗೆಯುವ ಹಂತದಲ್ಲಿ ವೇಗ ಕಡಿಮೆ, ಎಳೆತ ಹೆಚ್ಚು. ಈ ಎರಡನ್ನೂ ತಾಯಿ ಬೇರೆಬೇರೆಯಾಗಿ ಹೊಂದಿಸಿಕೊಳ್ಳಲು ಬರುವಂತಿರಬೇಕು. ನೋವಾಗದ ಮಟ್ಟದಲ್ಲಿ ಎಷ್ಟು ಎಳೆತ ಸಾಧ್ಯವೋ ಅದೇ ಆ ತಾಯಿಯ ಮಟ್ಟ. ಅದಕ್ಕೂ ಮೇಲೆ ಏರಿಸಿದರೆ ನೋವು, ನೋವಿನಿಂದ ಹಾಲಿಗೇ ತಡೆ.

ಕೊಳ್ಳುವಾಗ

ಕೈಯಿಂದ ಒತ್ತುವ ಪಂಪ್ ಅಗ್ಗ, ಕರೆಂಟ್ ಬೇಡ, ಸದ್ದಿಲ್ಲ. ವಾರಕ್ಕೊಮ್ಮೆ ಹೊರಗೆ ಹೋಗುವವರಿಗೆ ಅಷ್ಟು ಸಾಕು. ದಿನವೂ ಎರಡು ಮೂರು ಬಾರಿ ಒತ್ತಬೇಕೆಂದರೆ ಮಣಿಕಟ್ಟು ಸೋಲುತ್ತದೆ. ವಾರಕ್ಕೆ ಐದಾರು ದಿನ ಕೆಲಸಕ್ಕೆ ಹೋಗುವವರು ಎರಡೂ ಕಡೆ ಏಕಕಾಲದಲ್ಲಿ ತೆಗೆಯುವ ಡಬಲ್ ಎಲೆಕ್ಟ್ರಿಕ್ ಪಂಪ್ ಕೊಳ್ಳುವುದು ಲೇಸು. ಒಂದೊಂದೇ ಕಡೆ ತೆಗೆಯಲು ಅರ್ಧ ಗಂಟೆಗೂ ಹೆಚ್ಚು ಹಿಡಿದರೆ, ಇದರಲ್ಲಿ 15ರಿಂದ 20 ನಿಮಿಷದಲ್ಲಿ ಮುಗಿಯುತ್ತದೆ. ಕಚೇರಿಯ ಬಿಡುವಿನಲ್ಲಿ ಈ ವ್ಯತ್ಯಾಸ ದೊಡ್ಡದು.

ಬ್ರಾ ಒಳಗೇ ಇಟ್ಟುಕೊಳ್ಳುವ ಪಂಪ್‌ಗಳಿಂದ ಕೈಗಳಿಗೆ ಬಿಡುವು ಸಿಗುತ್ತದೆ. ಆದರೆ ತೊಟ್ಟು ಸರಿಯಾಗಿ ಕೂತಿದೆಯೇ ಎಂದು ನೋಡುವುದು ಕಷ್ಟ, ಬಗ್ಗಿದರೆ ಚೆಲ್ಲುವ ಭಯ, ಬೆಲೆಯೂ ಜಾಸ್ತಿ. ಕೆಲವರಿಗೆ ಇದರಲ್ಲಿ ಹಾಲು ಪೂರ್ತಿ ಬರುವುದಿಲ್ಲ. ಹಾಲು ಚೆನ್ನಾಗಿ ನೆಲೆಗೊಂಡ ಮೇಲೆ ಎರಡನೆಯ ಪಂಪ್ ಆಗಿ ಇಟ್ಟುಕೊಳ್ಳಬಹುದು. ಆಸ್ಪತ್ರೆ ದರ್ಜೆಯ ದೊಡ್ಡ ಪಂಪ್‌ಗಳು ಅವಧಿಗೆ ಮುಂಚೆ ಹುಟ್ಟಿದ, ಇನ್ನೂ ಚೀಪಲಾರದ ಮಕ್ಕಳ ತಾಯಂದಿರಿಗೆ ಬೇಕಾದವು.

ಪಂಪ್ ಯಾವುದೇ ಇರಲಿ, ಮೊದಲು ನೋಡಬೇಕಾದದ್ದು ಫ್ಲೇಂಜಿನ ಅಳತೆ. ಡಬ್ಬಿಯಲ್ಲಿ ಸಾಮಾನ್ಯವಾಗಿ 24 ಮಿ.ಮೀ. ಅಳತೆಯದು ಇರುತ್ತದೆ, ಎಲ್ಲರಿಗೂ ಅದು ಹೊಂದುವುದಿಲ್ಲ. ತೊಟ್ಟಿನ ಬುಡದ ಅಗಲವನ್ನು ಮಿ.ಮೀ.ನಲ್ಲಿ ಅಳೆದು ನೋಡಿ; ಎಡಕ್ಕೂ ಬಲಕ್ಕೂ ಅಳತೆ ಬೇರೆಯಾಗಿರಬಹುದು. ತೊಟ್ಟು ಕೊಳವೆಯ ಗೋಡೆಗೆ ಉಜ್ಜಿದರೆ ಅಳತೆ ಚಿಕ್ಕದಾಯಿತು. ಸುತ್ತಲಿನ ಕಪ್ಪು ಭಾಗವೂ ಒಳಕ್ಕೆ ಎಳೆದುಕೊಂಡರೆ ದೊಡ್ಡದಾಯಿತು. ಬೇರೆ ಅಳತೆಯ ಫ್ಲೇಂಜ್ ಪ್ರತ್ಯೇಕವಾಗಿ ಸಿಗುವ ಕಂಪನಿಯ ಪಂಪನ್ನೇ ಆರಿಸಿ.

ಎರಡನೆಯದು, ಹಾಲು ಮತ್ತು ಮೋಟರಿನ ನಡುವೆ ತಡೆಪೊರೆ ಇದೆಯೇ ಎಂದು ಕೇಳಿ. ಇದಿದ್ದರೆ ಹಾಲಿನ ತೇವ ಕೊಳವೆಗೂ ಮೋಟರಿಗೂ ಹೋಗಿ ಬೂಷ್ಟು ಹಿಡಿಯುವುದು ತಪ್ಪುತ್ತದೆ. ಒಬ್ಬರು ಬಳಸಿದ ಮನೆಬಳಕೆಯ ಪಂಪನ್ನು ಇನ್ನೊಬ್ಬರು ಬಳಸಬಾರದು ಎನ್ನುವುದೂ ಇದೇ ಕಾರಣಕ್ಕೆ. ಒಳಗಿನ ಭಾಗಗಳನ್ನು ತೊಳೆಯಲು ಬರುವುದಿಲ್ಲ.

ಮೂರನೆಯದು, ಬಿಡಿಭಾಗ. ಆ ಸಿಲಿಕೋನ್ ವಾಲ್ವ್ ದಿನವೂ ಬಳಸಿದರೆ ಕೆಲವು ತಿಂಗಳಲ್ಲಿ ಸಡಿಲವಾಗುತ್ತದೆ ಅಥವಾ ಹರಿಯುತ್ತದೆ. ಎಳೆತ ತಗ್ಗಿ ಹಾಲು ಕಡಿಮೆ ಬರುತ್ತದೆ. ತಾಯಿ ತನಗೇ ಹಾಲು ಬತ್ತಿತೆಂದು ಕಂಗೆಡುತ್ತಾಳೆ. ಹಾಲು ಇದ್ದಕ್ಕಿದ್ದಂತೆ ಇಳಿಮುಖವಾದರೆ ಮೊದಲು ವಾಲ್ವ್ ಬದಲಿಸಿ ನೋಡಿ. ಒಂದು ಜೊತೆ ಯಾವಾಗಲೂ ಚೀಲದಲ್ಲಿರಲಿ. ಕರೆಂಟ್ ಹೋಗುವ ಊರುಗಳಲ್ಲಿ ಚಾರ್ಜ್ ಮಾಡುವ ಬ್ಯಾಟರಿ ಇರುವ ಪಂಪೇ ಬೇಕು.

ಪಂಪ್ ಕೊಳ್ಳಲು ಆಗದವರಿಗೆ ಕೈಯಿದೆ. ಹೆಬ್ಬೆರಳು ಮತ್ತು ತೋರುಬೆರಳನ್ನು ತೊಟ್ಟಿನಿಂದ ತುಸು ಹಿಂದಿಟ್ಟು, ಎದೆಗೂಡಿನ ಕಡೆಗೆ ಒತ್ತಿ, ಬೆರಳುಗಳನ್ನು ಸೇರಿಸಿ ಬಿಡುವ ಈ ಕ್ರಮವನ್ನು ನರ್ಸ್ ಬಳಿ ಕಲಿಯಬಹುದು. ಪಂಪ್ ಇದ್ದವರೂ ನಡುನಡುವೆ ಕೈಯಿಂದ ನೀವಿದರೆ ಹೆಚ್ಚು ಹಾಲು ಬರುತ್ತದೆ.

ಹಾಲು ಮಗುವಿಗೆ ಮುಟ್ಟುವವರೆಗೆ

ಎದೆಹಾಲನ್ನೇ ಕುಡಿಯುವ ಮಗು ಒಂದರಿಂದ ಆರು ತಿಂಗಳ ವಯಸ್ಸಿನಲ್ಲಿ ದಿನಕ್ಕೆ ಸರಾಸರಿ 750ರಿಂದ 800 ಮಿ.ಲೀ. ಕುಡಿಯುತ್ತದೆ. ಹೊರಡುವ ಮುಂಚೆ ಒಮ್ಮೆ, ಮನೆಗೆ ಬಂದ ಕೂಡಲೇ ಒಮ್ಮೆ ಎದೆಗೆ ಹಾಕಿಕೊಂಡರೆ ನಡುವಿನ ಒಂಬತ್ತು ಗಂಟೆಗೆ 300 ಮಿ.ಲೀ. ಸುಮಾರಿಗೆ ಸಾಕಾಗುತ್ತದೆ. ಒಂದು ಸಲಕ್ಕೆ ಎರಡೂ ಕಡೆ ಸೇರಿ 60ರಿಂದ 100 ಮಿ.ಲೀ. ಬಂದರೆ ಅದು ಸಹಜ. ಮಗು ತೆಗೆಯುವಷ್ಟನ್ನು ಪಂಪ್ ಎಷ್ಟೋ ಸಲ ತೆಗೆಯುವುದಿಲ್ಲ. ಬಾಟಲಿಯ ಗೆರೆ ನೋಡಿ ನಿಮ್ಮ ಹಾಲನ್ನು ಅಳೆಯಬೇಡಿ.

ತೆಗೆದ ಹಾಲು 25 ಡಿಗ್ರಿ ಸೆಲ್ಸಿಯಸ್ ಒಳಗಿನ ಕೋಣೆಯಲ್ಲಿ ನಾಲ್ಕು ಗಂಟೆ, ಐಸ್ ಪ್ಯಾಕ್ ಇಟ್ಟ ಚೀಲದಲ್ಲಿ 24 ಗಂಟೆ, ಫ್ರಿಜ್‌ನಲ್ಲಿ ನಾಲ್ಕು ದಿನ ಇರುತ್ತದೆ. ಫ್ರೀಜರಿನಲ್ಲಿ ಆರು ತಿಂಗಳ ಒಳಗೆ ಬಳಸುವುದು ಒಳ್ಳೆಯದು. ಏಪ್ರಿಲ್‌ನಲ್ಲಿ ರಾಯಚೂರು, ಕಲಬುರಗಿಯ ಕೋಣೆಗಳು 25 ಡಿಗ್ರಿಯಲ್ಲಿ ಇರುವುದಿಲ್ಲ, ಹಾಗಾಗಿ ಅಲ್ಲಿ ತೆಗೆದ ಕೂಡಲೇ ಹಾಲು ತಂಪಿಗೆ ಹೋಗಬೇಕು. ಹಾಲನ್ನು ಮೈಕ್ರೋವೇವ್‌ನಲ್ಲಿ ಕಾಯಿಸಬಾರದು, ಬಿಸಿನೀರಿನ ಪಾತ್ರೆಯಲ್ಲಿಟ್ಟು ಬೆಚ್ಚಗಾಗಿಸಬೇಕು. ಮೇಲೆ ಕೆನೆ ಕಟ್ಟಿದರೆ ಮೆಲ್ಲಗೆ ಅಲ್ಲಾಡಿಸಿ ಬೆರೆಸಿ. ಒಳಲೆಯಲ್ಲೋ ಪುಟ್ಟ ಲೋಟದಲ್ಲೋ ಕುಡಿಸಿದರೆ ಬಾಟಲಿಗಿಂತ ತೊಳೆಯುವುದು ಸುಲಭ. ಹಾಲು ತಾಗಿದ ಭಾಗಗಳನ್ನು ಪ್ರತಿ ಸಲ ತೊಳೆಯಬೇಕು, ಕಚೇರಿಯ ಸಿಂಕಿನಲ್ಲಿ ನೇರವಾಗಿ ಇಡದೆ, ಅದಕ್ಕೆಂದೇ ಇಟ್ಟ ಪಾತ್ರೆಯಲ್ಲಿ. ಆಮೇಲೆ ಒರೆಸದೆ ಗಾಳಿಗೆ ಒಣಗಲು ಬಿಡಿ.

ಹೊತ್ತು ಮತ್ತು ಜಾಗ

ಮಗುವಿಗೆ 15 ತಿಂಗಳಾಗುವವರೆಗೆ ಊಟದ ಬಿಡುವಿನ ಜತೆಗೆ ದಿನಕ್ಕೆ ಎರಡು ಹಾಲೂಡಿಸುವ ಬಿಡುವು ಕೊಡಬೇಕೆಂದು ನಮ್ಮ 1961ರ ಹೆರಿಗೆ ಸೌಲಭ್ಯ ಕಾಯ್ದೆ ಹೇಳಿತು. 50 ಮತ್ತು ಅದಕ್ಕೂ ಹೆಚ್ಚು ಜನ ಕೆಲಸ ಮಾಡುವಲ್ಲಿ ಶಿಶುಪಾಲನಾ ಕೇಂದ್ರ ಇರಬೇಕು, ತಾಯಿಗೆ ದಿನಕ್ಕೆ ನಾಲ್ಕು ಸಲ ಅಲ್ಲಿಗೆ ಹೋಗಲು ಬಿಡಬೇಕು ಎಂಬುದನ್ನು 2017ರ ತಿದ್ದುಪಡಿ ಸೇರಿಸಿತು. 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಇವೆರಡೂ ಇವೆ. ಪಂಪ್ ಮಾಡುವ ಕೋಣೆಯನ್ನು ಮಾತ್ರ ನಮ್ಮ ಕಾಯ್ದೆ ಹೆಸರಿಸಿಲ್ಲ. ಅಮೆರಿಕದಲ್ಲಿ ದುಡಿಯುವ ನಮ್ಮ ಹೆಣ್ಣುಮಕ್ಕಳಿಗೆ ಅಲ್ಲಿನ 2022ರ ಕಾಯ್ದೆ ಮಗುವಿಗೆ ಒಂದು ವರ್ಷ ತುಂಬುವವರೆಗೆ ಪಂಪ್ ಮಾಡಲು ಬಿಡುವನ್ನೂ ಶೌಚಾಲಯವಲ್ಲದ ಮರೆಯ ಜಾಗವನ್ನೂ ಕೊಡುತ್ತದೆ.

ಪೀಣ್ಯದ ಗಾರ್ಮೆಂಟ್ಸ್‌ನಲ್ಲಿ ಹೊಲಿಯುವ ತಾಯಿಗೆ, ಬಸ್ಸಿನಲ್ಲಿ ಟಿಕೆಟ್ ಕೊಡುವ ತಾಯಿಗೆ ದುಬಾರಿ ಪಂಪಿಗಿಂತ ಹತ್ತಿರದಲ್ಲೇ ಇರುವ ಮಗು ಅಥವಾ ಚಿಲಕ ಹಾಕಬಹುದಾದ ಕೋಣೆ ಹೆಚ್ಚು ಉಪಕಾರಿ. ಆತಂಕದಲ್ಲಿ ಹಾಲು ಇಳಿಯುವುದಿಲ್ಲ ಎಂಬುದು ಶರೀರದ ನಿಯಮ; ಅದಕ್ಕೆ ಸಂಬಳದ ಭೇದವಿಲ್ಲ. ಆದ್ದರಿಂದ ಕೆಲಸ ಕೊಡುವವರಲ್ಲಿ ಕೇಳುವುದು ಇಷ್ಟು: ಒಂದು ಕುರ್ಚಿ, ಒಂದು ಪ್ಲಗ್, ಒಂದು ಚಿಲಕ, ಒಂದು ಪುಟ್ಟ ಫ್ರಿಜ್, ದಿನಕ್ಕೆರಡು ಸಲ ಇಪ್ಪತ್ತು ನಿಮಿಷ. ಕೆಲಸಕ್ಕೆ ಮರಳುತ್ತಿರುವ ತಾಯಂದಿರಲ್ಲಿ ಹೇಳುವುದು ಇಷ್ಟು: ರಜೆ ಮುಗಿಯುವ ಎರಡು ವಾರ ಮುಂಚೆಯೇ ಪಂಪ್ ರೂಢಿ ಮಾಡಿಕೊಳ್ಳಿ, ಫ್ಲೇಂಜಿನ ಅಳತೆ ಸರಿಮಾಡಿಕೊಳ್ಳಿ, ಬಿಡುವನ್ನು ಹಕ್ಕೆಂದು ಕೇಳಿ ಪಡೆಯಿರಿ.