ನಾಲ್ಕು ಚರಣ, ನಾಲ್ವರು ದಾರಿಗಳ್ಳರು

ಜಾನಿ ಕ್ಯಾಶ್, ವೇಲನ್ ಜೆನ್ನಿಂಗ್ಸ್, ವಿಲ್ಲಿ ನೆಲ್ಸನ್, ಕ್ರಿಸ್ ಕ್ರಿಸ್ಟಾಫರ್ಸನ್. ಅಮೆರಿಕದ ಕಂಟ್ರಿ ಸಂಗೀತದ ಈ ನಾಲ್ಕು ದೊಡ್ಡ ದನಿಗಳು ಸೇರಿ ಕಟ್ಟಿದ 'ಹೈವೇಮೆನ್' ತಂಡವನ್ನು ಅರಿಯಲು ಅವರ ಮೂಲ ಆಲ್ಬಂಗಳಿಗಿಂತ ಸಂಕಲನವೇ ಒಳ್ಳೆಯ ದಾರಿ. ಯಾಕೆಂದರೆ ಆ ತಂಡವೇ ಒಂದು ಸಂಕಲನ.

ತಂಡಕ್ಕೆ ಹೆಸರು ಕೊಟ್ಟ 'ಹೈವೇಮ್ಯಾನ್' (ದಾರಿಗಳ್ಳ) ಹಾಡಿಗೆ ಪಲ್ಲವಿ ಇಲ್ಲ. ಇರುವುದು ನಾಲ್ಕು ಚರಣ, ಅಷ್ಟೆ. ಮೊದಲನೆಯದರಲ್ಲಿ ಒಬ್ಬ ದಾರಿಗಳ್ಳ, ಸಾರೋಟಿನ ಹಾದಿಯಲ್ಲಿ ಕಾದು ದೋಚಿ ಕೊನೆಗೆ ನೇಣಿಗೇರುತ್ತಾನೆ. ಎರಡನೆಯದರಲ್ಲಿ ಒಬ್ಬ ನಾವಿಕ, ಹಾಯಿಯ ಅಡ್ಡಮರ ಮುರಿದು ಸಾಯುತ್ತಾನೆ. ಮೂರನೆಯವನು ಕೊಲರಾಡೊ ನದಿಗೆ ಅಣೆಕಟ್ಟು ಕಟ್ಟುವವನು, ಕಾಲು ಜಾರಿ ಹಸಿ ಕಾಂಕ್ರೀಟಿನಲ್ಲಿ ಹೂತುಹೋಗುತ್ತಾನೆ. ನಾಲ್ಕನೆಯವನು ಇನ್ನೂ ಹುಟ್ಟಬೇಕಾದವನು, ಚುಕ್ಕಿಗಳ ನಡುವೆ ನೌಕೆ ಹಾರಿಸುವವನು. ನಾಲ್ವರೂ ಒಬ್ಬನೇ. ಒಂದೇ ಜೀವ ಮೈ ಬದಲಿಸುತ್ತಾ ಬರುತ್ತದೆ.

ತಿರುಗಿ ಹುಟ್ಟುವ ಮಾತು ನಮಗೆ ಹೊಸದಲ್ಲ, ಅಜ್ಜಿ ಹೇಳಿದ ಕಥೆಯಲ್ಲೇ ಕೇಳಿದ್ದೇವೆ. ಆದರೆ ಈ ಹಾಡು ಬರೆದ ಜಿಮ್ಮಿ ವೆಬ್ ಓಕ್ಲಹೋಮದ ಬ್ಯಾಪ್ಟಿಸ್ಟ್ ಪಾದ್ರಿಯ ಮಗ. 'ಎಲ್ ಮಿರಾಜ್' ಆಲ್ಬಂಗಾಗಿ ಲಂಡನ್ನಿನಲ್ಲಿದ್ದಾಗ ಒಂದು ರಾತ್ರಿ, ತಾನೇ ದಾರಿಗಳ್ಳನಾಗಿ ಬೆನ್ನಟ್ಟಿಸಿಕೊಂಡು ಓಡುವ ಕನಸು ಬಿತ್ತಂತೆ. ಎದ್ದವರೇ ಪಿಯಾನೋ ಮುಂದೆ ಕೂತರು. ಮೊದಲ ಚರಣ ಕನಸು ಕೊಟ್ಟದ್ದು, ಉಳಿದವು ಆ ಕನಸನ್ನು ಹಿಂಬಾಲಿಸಿ ಬಂದವು. 1977ರಲ್ಲಿ ವೆಬ್ ಅದನ್ನು ತಾವೇ ಹಾಡಿದರು. 1979ರಲ್ಲಿ ಗಾಯಕ ಗ್ಲೆನ್ ಕ್ಯಾಂಪ್‌ಬೆಲ್ ತಮ್ಮ ಆಲ್ಬಂಗೆ ಅದರದೇ ಹೆಸರಿಟ್ಟರು. ಎರಡು ಸಲವೂ ಹಾಡು ಬಂತು, ಹೋಯಿತು. ನಾಲ್ಕು ಜನ್ಮಗಳನ್ನು ಒಂದೇ ಗಂಟಲು ಹೊರಬೇಕಿತ್ತಲ್ಲ.

ಹಿಮದೂರಿನಲ್ಲಿ ಕೂಡಿದ ಗೆಳೆಯರು

1984ರ ಕೊನೆಯಲ್ಲಿ ಜಾನಿ ಕ್ಯಾಶ್ ತಮ್ಮ ಕ್ರಿಸ್‌ಮಸ್ ಟಿವಿ ಕಾರ್ಯಕ್ರಮದ ಚಿತ್ರೀಕರಣಕ್ಕೆ ಸ್ವಿಟ್ಜರ್ಲೆಂಡಿನ ಮೊಂಟ್ರೊ ಊರಿಗೆ ಹೋದರು. ಜೊತೆಗೆ ವಿಲ್ಲಿ, ವೇಲನ್, ಕ್ರಿಸ್. ಕ್ರಿಸ್‌ಮಸ್ಸಿಗೆ ಇಷ್ಟು ದೂರದ ಊರೇ ಯಾಕೆ ಎಂದು ಪತ್ರಕರ್ತರೊಬ್ಬರು ಕೇಳಿದಾಗ, ಬಾಲ ಏಸು ಹುಟ್ಟಿದ್ದು ಇಲ್ಲೇ ತಾನೆ ಎಂದು ವೇಲನ್ ಮುಖ ಗಂಟಿಕ್ಕಿಕೊಂಡೇ ಹೇಳಿದರಂತೆ. ಚಿತ್ರೀಕರಣ ಮುಗಿದ ಮೇಲೆ ಹೋಟೆಲ್ ಕೋಣೆಯಲ್ಲಿ ಗಿಟಾರ್ ಒಬ್ಬರ ಕೈಯಿಂದ ಒಬ್ಬರ ಕೈಗೆ ಸುತ್ತಿತು.

ಊರಿಗೆ ಮರಳಿದ ಮೇಲೆ ನ್ಯಾಶ್‌ವಿಲ್‌ನಲ್ಲಿ ಕ್ಯಾಶ್ ಮತ್ತು ವಿಲ್ಲಿಯ ಯುಗಳಗೀತೆಗಳ ಧ್ವನಿಮುದ್ರಣ ನಡೆದಿತ್ತು. ನಿರ್ಮಾಪಕರು ಚಿಪ್ಸ್ ಮೋಮನ್. ಉಳಿದಿಬ್ಬರೂ ಅಲ್ಲಿಗೆ ಬಂದು ಕೂಡತೊಡಗಿದರು. ಕ್ಯಾಶ್ ಬಳಗದ ಗಿಟಾರ್ ವಾದಕ ಮಾರ್ಟಿ ಸ್ಟುವರ್ಟ್ ಮತ್ತು ಗ್ಲೆನ್ ಕ್ಯಾಂಪ್‌ಬೆಲ್ ಮೂಲಕ ವೆಬ್‌ರ ಹಾಡು ಅವರ ಕಿವಿಗೆ ಬಿತ್ತು. ಹಾಡಿನಲ್ಲಿ ನಾಲ್ಕು ಚರಣ, ಕೋಣೆಯಲ್ಲಿ ನಾಲ್ಕು ದನಿ. ಲೆಕ್ಕ ತಾನಾಗಿಯೇ ಕೂಡಿತು.

ಹಂಚಿಕೆ ಎಷ್ಟು ಸೊಗಸಾಗಿದೆ ಕೇಳಿ. ತಾಳಕ್ಕೆ ಒಂದು ಹೆಜ್ಜೆ ಹಿಂದೆ ನಿಂತು ಮೂಗಿನಲ್ಲೇ ಎಳೆಯುವ ವಿಲ್ಲಿಗೆ ದಾರಿಗಳ್ಳ. ಮರಳು ಕಾಗದದಂತೆ ಒರಟಾದ ಕ್ರಿಸ್ ಕಂಠಕ್ಕೆ ನಾವಿಕ. ಗಟ್ಟಿ ದನಿಯ ವೇಲನ್‌ಗೆ ಅಣೆಕಟ್ಟೆಯವನು. ಪಾತಾಳದಿಂದ ಎದ್ದು ಬರುವಂಥ ಕ್ಯಾಶ್ ದನಿಗೆ ಅಂತರಿಕ್ಷ. ಕಥೆ ಮೇಲಕ್ಕೇರುತ್ತಾ ಹೋದರೆ ದನಿ ಕೆಳಕ್ಕಿಳಿಯುತ್ತಾ ಹೋಗುತ್ತದೆ. ಕೊಲರಾಡೊ ನದಿಯ ಹೂವರ್ ಅಣೆಕಟ್ಟಿನ ಕಾಂಕ್ರೀಟಿನಲ್ಲಿ ನಿಜಕ್ಕೂ ಯಾರೂ ಹೂತುಹೋಗಿಲ್ಲ, ಸಣ್ಣ ಸಣ್ಣ ಅಚ್ಚುಗಳಲ್ಲಿ ತೆಳುವಾಗಿ ಸುರಿದ ಕಾಂಕ್ರೀಟಿನಲ್ಲಿ ಅದು ಸಾಧ್ಯವೂ ಇರಲಿಲ್ಲ. ಆದರೆ ವೇಲನ್ ಹಾಡುವಾಗ ಎಂಜಿನಿಯರುಗಳ ಮಾತು ಯಾರಿಗೆ ಬೇಕು!

1985ರ ಆಗಸ್ಟಿನಲ್ಲಿ ಹಾಡು ಬಿಲ್‌ಬೋರ್ಡ್ ಕಂಟ್ರಿ ಪಟ್ಟಿಯ ತುದಿ ಮುಟ್ಟಿತು. ವೆಬ್‌ಗೆ ಅತ್ಯುತ್ತಮ ಕಂಟ್ರಿ ಗೀತೆಯ ಗ್ರ್ಯಾಮಿ ಬಂತು.

ಕೌದಿ ಹೊಲಿದ ಹಾಗೆ

ಹತ್ತು ವರ್ಷಗಳಲ್ಲಿ ತಂಡ ಹೊರತಂದದ್ದು ಮೂರೇ ಸ್ಟುಡಿಯೋ ಆಲ್ಬಂ: 1985ರ 'ಹೈವೇಮ್ಯಾನ್', 1990ರ 'ಹೈವೇಮ್ಯಾನ್ 2', 1995ರ 'ದಿ ರೋಡ್ ಗೋಸ್ ಆನ್ ಫಾರೆವರ್'. ಎಲ್ಲ ಸೇರಿಸಿದರೂ ಮೂವತ್ತು ಚಿಲ್ಲರೆ ಹಾಡು. ಮುಚ್ಚುಮರೆಯಿಲ್ಲದೆ ಹೇಳಬೇಕೆಂದರೆ ಎಲ್ಲವೂ ಒಂದೇ ತೂಕದವಲ್ಲ. ಮೊದಲ ಆಲ್ಬಂ ಇಬ್ಬರ ಯುಗಳಗೀತೆಗಳ ಬೈಠಕ್ಕಿನಲ್ಲಿ ಹುಟ್ಟಿದ್ದರಿಂದ ನಾಲ್ವರೂ ಎಲ್ಲ ಹಾಡುಗಳಲ್ಲಿ ಇಲ್ಲ. ಎರಡನೆಯದರಲ್ಲಿ 'ಸಿಲ್ವರ್ ಸ್ಟ್ಯಾಲಿಯನ್' ಬಿಟ್ಟರೆ ಜನ ನೆನಪಿಟ್ಟುಕೊಂಡದ್ದು ಕಡಿಮೆ. ಮೂರನೆಯದನ್ನು ಡಾನ್ ವಾಸ್ ನಿರ್ಮಿಸಿದರು. ಸ್ಟೀವ್ ಅರ್ಲ್, ಬಿಲ್ಲಿ ಜೋ ಶೇವರ್, ರಾಬರ್ಟ್ ಅರ್ಲ್ ಕೀನ್ ಅವರಂಥವರ ಹಾಡುಗಳಿದ್ದರೂ ಆ ಹೊತ್ತಿಗೆ ರೇಡಿಯೋ ಹ್ಯಾಟು ತೊಟ್ಟ ಹೊಸ ಗಾಯಕರ ಹಿಂದೆ ಓಡಿತ್ತು.

ಹಾಗಿದ್ದರೆ 2010ರಲ್ಲಿ ಸೋನಿ ಕಂಪನಿಯ ಲೆಗಸಿ ವಿಭಾಗ 'ದಿ ಎಸೆನ್ಶಿಯಲ್ ಹೈವೇಮೆನ್' ಎಂಬ ಎರಡು ಡಿಸ್ಕಿನ ಸಂಕಲನವನ್ನು ಹೇಗೆ ತುಂಬಿಸಿತು? ಗುಟ್ಟು ಇಲ್ಲಿದೆ. ತಂಡದ ಹಾಡುಗಳ ಪಕ್ಕದಲ್ಲೇ ಈ ನಾಲ್ವರು ಜೋಡಿಯಾಗಿ, ಒಂಟಿಯಾಗಿ ಹಾಡಿದವನ್ನೂ ತಂದಿಟ್ಟಿತು. ಜಿಪುಣ ಕಿವಿಗೆ ಇದು ಕಲಬೆರಕೆ ಅನಿಸಬಹುದು. ನನಗೆ ಕೌದಿ ನೆನಪಾಗುತ್ತದೆ. ಕೌದಿಗೆ ಯಾರೂ ಹೊಸ ಬಟ್ಟೆ ತರುವುದಿಲ್ಲ. ಅವ್ವನ ಸೀರೆ, ಅಪ್ಪನ ಧೋತರ, ಮಕ್ಕಳ ಅಂಗಿ, ಯಾವ ತುಂಡು ಯಾರದೆಂದು ಮನೆಯವರಿಗೆ ಗೊತ್ತಿರುತ್ತದೆ. ಬೆಚ್ಚಗಿಡುವುದು ಬಟ್ಟೆಯಷ್ಟೇ ಅಲ್ಲ, ಆ ಗುರುತೂ ಹೌದು. ಹೈವೇಮೆನ್ ಗೆಳೆತನ 1985ರಲ್ಲಿ ಹುಟ್ಟಿದ್ದಲ್ಲ, ಆಗ ಹೊಲಿಗೆ ಬಿದ್ದದ್ದು ಮಾತ್ರ.

ಇಂಥ ಹೊಲಿಗೆಯ ಹಿಂದೆ ವ್ಯಾಪಾರದ ಕಾರಣವೂ ಇದೆ. ಹಾಡಿನ ಮೂಲ ಟೇಪು ಯಾರ ಕಪಾಟಿನಲ್ಲಿದೆಯೋ ಸಂಕಲನ ಮಾಡುವ ಹಕ್ಕು ಅವರದು. ಕ್ಯಾಶ್ ಮತ್ತು ವಿಲ್ಲಿ ಕೊಲಂಬಿಯಾದವರು, ವೇಲನ್ ಇಪ್ಪತ್ತು ವರ್ಷ ಆರ್‌ಸಿಎಯವರು, ಎರಡೂ ಕಂಪನಿ ಒಂದಕ್ಕೊಂದು ಎದುರಾಳಿ. ಮುಂದೆ ಆ ಎರಡೂ ಕಪಾಟುಗಳ ಕೀಲಿ ಸೋನಿಯ ಕೈಗೆ ಬಂತು. ಒಂದು ಕಾಲದಲ್ಲಿ ವಕೀಲರನ್ನು ಕೂರಿಸಿಕೊಂಡು ಪಡೆಯಬೇಕಿದ್ದ ಹಾಡುಗಳು ಒಂದೇ ಗೋಡೌನಿನ ಅಕ್ಕಪಕ್ಕದ ರ‍್ಯಾಕಿಗೆ ಬಂದು ಕೂತವು.

ಹಳೆಯ ಹಾಡು, ಹೊಸ ಪೋಸ್ಟರ್

ಸಂಕಲನಕ್ಕೂ ಈ ಬಳಗಕ್ಕೂ ನಂಟು ಹಳೆಯದು. 1970ರ ದಶಕದಲ್ಲಿ ನ್ಯಾಶ್‌ವಿಲ್ ಎಂದರೆ ಕಾರ್ಖಾನೆ. ಯಾವ ಹಾಡು, ಯಾವ ವಾದಕರು, ಎಷ್ಟು ಪಿಟೀಲು ಎಂಬುದನ್ನೆಲ್ಲ ಕಂಪನಿ ನಿರ್ಧರಿಸುತ್ತಿತ್ತು. ವೇಲನ್ ತನ್ನ ಬಳಗದ ಜೊತೆ ತನಗೆ ಬೇಕಾದ ಹಾಗೆ ಹಾಡುತ್ತೇನೆಂದು ಹಟ ಹಿಡಿದು ಗೆದ್ದರು. ವಿಲ್ಲಿ ಮನೆ ಸುಟ್ಟುಹೋದ ಮೇಲೆ ಟೆಕ್ಸಸ್ಸಿಗೆ ಮರಳಿ, ಕೂದಲು ಬಿಟ್ಟು, ಆಸ್ಟಿನ್ನಿನಲ್ಲಿ ಹಿಪ್ಪಿಗಳನ್ನೂ ದನಗಾಹಿಗಳನ್ನೂ ಒಂದೇ ಚಾವಣಿಯಡಿ ಕೂರಿಸಿ ಹಾಡಿದರು. ಈ ಬಂಡಾಯಕ್ಕೆ 'ಔಟ್‌ಲಾ' (ಕಾನೂನು ಮೀರಿದವ) ಎಂಬ ಹೆಸರು ಅಂಟಿತು.

ಆರ್‌ಸಿಎ 1976ರಲ್ಲಿ ಆ ಹೆಸರನ್ನೇ ಮಾರಿತು. ವೇಲನ್, ವಿಲ್ಲಿ, ಜೆಸ್ಸಿ ಕೋಲ್ಟರ್, ಟಾಂಪಾಲ್ ಗ್ಲೇಸರ್ ಇವರ ಹಾಡುಗಳನ್ನು, ಬಹುಪಾಲು ಆಗಲೇ ಬಿಡುಗಡೆಯಾದವನ್ನೇ ಹೆಕ್ಕಿ 'ವಾಂಟೆಡ್! ದಿ ಔಟ್‌ಲಾಸ್' ಎಂಬ ಆಲ್ಬಂ ಮಾಡಿತು. ಮುಖಪುಟ ಪೊಲೀಸರು ಗೋಡೆಗೆ ಅಂಟಿಸುವ ನೋಟಿಸಿನಂತೆ. ಅಮೆರಿಕದಲ್ಲಿ ಪ್ಲಾಟಿನಂ ಮನ್ನಣೆ ಪಡೆದ ಮೊದಲ ಕಂಟ್ರಿ ಆಲ್ಬಂ ಅದು. ಅದರಲ್ಲಿದ್ದ 'ಗುಡ್ ಹಾರ್ಟೆಡ್ ವುಮನ್' ಕಚೇರಿಯಲ್ಲಿ ವೇಲನ್, ವಿಲ್ಲಿ ಇಬ್ಬರೂ ಸೇರಿ ಹಾಡಿದಂತೆ, ಜನ ಚಪ್ಪಾಳೆ ತಟ್ಟಿದಂತೆ ಕೇಳುತ್ತದೆ. ನಿಜಕ್ಕೂ ಅದು ವೇಲನ್ ತಮ್ಮ ಹಳೆಯ ಟೇಪಿಗೆ ವಿಲ್ಲಿಯ ದನಿಯನ್ನು ಆಮೇಲೆ ಸೇರಿಸಿದ್ದು. ಗೆಳೆತನ ನಿಜ, ವೇದಿಕೆ ಮಾತ್ರ ಹೊಲಿಗೆ. ಹೈವೇಮೆನ್ ಎಂಬ ಕೌದಿಯ ಮೊದಲ ಎಳೆ ಇದೇ.

ಯಾವ ತುಂಡು ಯಾರದು

ಕ್ಯಾಶ್: 1932ರಲ್ಲಿ ಆರ್ಕನ್ಸಾದಲ್ಲಿ ಹುಟ್ಟಿ, ಹತ್ತಿ ಬಿಡಿಸುತ್ತಾ ಬೆಳೆದವರು. 1968ರಲ್ಲಿ ಫೋಲ್ಸಮ್ ಜೈಲಿನ ಕೈದಿಗಳ ಮುಂದೆ ಹಾಡಿದ ಆಲ್ಬಂ ಅವರನ್ನು ಮತ್ತೆ ಎತ್ತಿ ನಿಲ್ಲಿಸಿತು. ಅರವತ್ತರ ದಶಕದ ನಡುವೆ ಅವರೂ ವೇಲನ್ನೂ ಒಂದೇ ಫ್ಲ್ಯಾಟಿನಲ್ಲಿದ್ದರು. ಇಬ್ಬರಿಗೂ ಮಾತ್ರೆಯ ಚಟ, ಇಬ್ಬರೂ ಒಬ್ಬರಿಗೊಬ್ಬರು ಕಾಣದಂತೆ ಬಚ್ಚಿಡುತ್ತಿದ್ದರು.

ವೇಲನ್: 1937, ಟೆಕ್ಸಸ್ಸಿನ ಲಿಟಲ್‌ಫೀಲ್ಡ್. ಹುಡುಗನಾಗಿದ್ದಾಗ ರಾಕ್ ಗಾಯಕ ಬಡ್ಡಿ ಹಾಲಿಯ ತಂಡದಲ್ಲಿ ಬೇಸ್ ಗಿಟಾರ್ ನುಡಿಸುತ್ತಿದ್ದರು. 1959ರ ಫೆಬ್ರವರಿಯ ಚಳಿಯ ರಾತ್ರಿ ಜ್ವರದಲ್ಲಿದ್ದ ಜೊತೆ ಗಾಯಕ ಬಿಗ್ ಬಾಪರ್‌ಗೆ ಸಣ್ಣ ವಿಮಾನದ ತಮ್ಮ ಸೀಟು ಬಿಟ್ಟುಕೊಟ್ಟರು. ವಿಮಾನ ಬಿತ್ತು, ಹಾಲಿಯೂ ಸೇರಿ ಅದರಲ್ಲಿದ್ದ ಯಾರೂ ಉಳಿಯಲಿಲ್ಲ. ಸತ್ತು ಮತ್ತೆ ಹುಟ್ಟುವವನ ಚರಣವನ್ನು ವೇಲನ್ ಹಾಡುವಾಗ ಈ ರಾತ್ರಿಯನ್ನು ಮರೆತು ಕೇಳುವುದು ಕಷ್ಟ.

ವಿಲ್ಲಿ: 1933, ಟೆಕ್ಸಸ್ಸಿನ ಅಬ್ಬಟ್. ಪ್ಯಾಟ್ಸಿ ಕ್ಲೈನ್ 1961ರಲ್ಲಿ ಹಾಡಿ ಮನೆಮಾತಾದ 'ಕ್ರೇಜಿ' ಇವರು ಬರೆದದ್ದು. 1969ರಲ್ಲಿ ಕೊಂಡ 'ಟ್ರಿಗರ್' ಎಂಬ ಗಿಟಾರಿನ ಮೈಯಲ್ಲಿ, ನುಡಿಸಿ ನುಡಿಸಿ ಒಂದು ತೂತೇ ಬಿದ್ದಿದೆ.

ಕ್ರಿಸ್: 1936, ಟೆಕ್ಸಸ್ಸಿನ ಬ್ರೌನ್ಸ್‌ವಿಲ್. ಆಕ್ಸ್‌ಫರ್ಡಿನಲ್ಲಿ ರೋಡ್ಸ್ ವಿದ್ಯಾರ್ಥಿ, ಸೈನ್ಯದಲ್ಲಿ ಕ್ಯಾಪ್ಟನ್, ಹೆಲಿಕಾಪ್ಟರ್ ಪೈಲಟ್. ಎಲ್ಲ ಬಿಟ್ಟು ನ್ಯಾಶ್‌ವಿಲ್‌ನ ಕೊಲಂಬಿಯಾ ಸ್ಟುಡಿಯೋದಲ್ಲಿ ಕಸ ಗುಡಿಸಿದರು. 1966ರಲ್ಲಿ ಬಾಬ್ ಡಿಲನ್ 'ಬ್ಲಾಂಡ್ ಆನ್ ಬ್ಲಾಂಡ್' ಹಾಡುತ್ತಿದ್ದಾಗ ಆ ಕಟ್ಟಡದಲ್ಲಿ ಬೂದಿತಟ್ಟೆ ತೊಳೆಯುತ್ತಿದ್ದವರು ಇವರೇ. ತಮ್ಮ ಹಾಡು ಕೇಳಿಸಲು ಕ್ಯಾಶ್ ಮನೆಯಂಗಳದಲ್ಲೇ ಹೆಲಿಕಾಪ್ಟರ್ ಇಳಿಸಿದರು. ಒಂದು ಕೈಯಲ್ಲಿ ಟೇಪು, ಇನ್ನೊಂದರಲ್ಲಿ ಬಿಯರ್ ಹಿಡಿದು ಬಂದ ಎಂದು ಕ್ಯಾಶ್ ಹೇಳುತ್ತಿದ್ದರು. ಆಗ ಕ್ಯಾಶ್ ಮನೆಯಲ್ಲೇ ಇರಲಿಲ್ಲ ಎಂದು ಕ್ರಿಸ್ ನಗುತ್ತಿದ್ದರು. ಅದೇನೇ ಇರಲಿ, ಕ್ರಿಸ್ ಬರೆದ 'ಸಂಡೇ ಮಾರ್ನಿಂಗ್ ಕಮಿಂಗ್ ಡೌನ್' 1970ರಲ್ಲಿ ಕ್ಯಾಶ್ ಕಂಠದಲ್ಲಿ ವರ್ಷದ ಗೀತೆ ಎನಿಸಿತು.

ಹೆಸರಿಲ್ಲದವರ ಹಾಡು

ಮೊದಲ ಆಲ್ಬಂನ ಹಾಡುಗಳಲ್ಲಿ ನಾನು ಮತ್ತೆ ಮತ್ತೆ ಮರಳುವುದು 'ಡಿಪೋರ್ಟಿ'ಗೆ. 1948ರ ಜನವರಿಯಲ್ಲಿ ಕ್ಯಾಲಿಫೋರ್ನಿಯಾದ ಲಾಸ್ ಗಾಟೋಸ್ ಕಣಿವೆಯಲ್ಲಿ ವಿಮಾನವೊಂದು ಉರಿದು ಬಿತ್ತು. ಸತ್ತವರು 32 ಮಂದಿ, ಅವರಲ್ಲಿ 28 ಜನ ಮೆಕ್ಸಿಕೋಗೆ ವಾಪಸು ಕಳಿಸಲಾಗುತ್ತಿದ್ದ ಹೊಲಗೂಲಿಗಳು. ಸುದ್ದಿಯಲ್ಲಿ ಸಿಬ್ಬಂದಿಯ ಹೆಸರಿತ್ತು, ಕೂಲಿಗಳಿಗೆ 'ಗಡೀಪಾರಾದವರು' ಎಂಬ ಒಂದೇ ಪದ. ಅದರಿಂದ ನೊಂದು ಜಾನಪದ ಗಾಯಕ ವುಡಿ ಗಥ್ರಿ ಬರೆದದ್ದಕ್ಕೆ ಮುಂದೆ ಮಾರ್ಟಿನ್ ಹಾಫ್‌ಮನ್ ರಾಗ ಹಾಕಿದರು. 1985ರಲ್ಲಿ ಇದನ್ನು ಹಾಡುವಾಗ ಟೆಕ್ಸಸ್ಸಿನ ಮೆಕ್ಸಿಕನ್ ಮೂಲದ ಗಾಯಕ ಜಾನಿ ರೋಡ್ರಿಗಸ್ ಅವರನ್ನೂ ಕರೆದರು. ತಂಡದವನಲ್ಲದ ಐದನೆಯ ದನಿ ಬೇಕೆನಿಸಿದ್ದು ಇಲ್ಲಿ. ಔಟ್‌ಲಾ ಎಂಬುದು ಬರೀ ತೊಗಲಿನ ಜಾಕೆಟ್ಟಲ್ಲ ಎನ್ನಲು ಈ ಹಾಡೊಂದೇ ಸಾಕು.

ತಂಡದ ಸ್ವಂತ ಹೆಸರಿನ ಕಥೆ ಮಾತ್ರ ನಗೆಯದು. ಮೊದಲ ಆಲ್ಬಂ ಮೇಲೆ ಇದ್ದದ್ದು ನಾಲ್ವರ ಹೆಸರು. 'ಹೈವೇಮೆನ್' ಎಂದು ಕರೆದುಕೊಂಡಾಗ 1961ರಲ್ಲೇ 'ಮೈಕೆಲ್' ಹಾಡಿನಿಂದ ಗೆದ್ದಿದ್ದ ಅದೇ ಹೆಸರಿನ ಜಾನಪದ ತಂಡ ಕೋರ್ಟಿಗೆ ಹೋಯಿತು. ಕೊನೆಗೆ ರಾಜಿಯಾಯಿತು. ಹಳೆಯ ಹೈವೇಮೆನ್ ಹೊಸ ಹೈವೇಮೆನ್ ಕಚೇರಿಯೊಂದರಲ್ಲಿ ಮೊದಲು ಹಾಡಿದರು! ದಾರಿಗಳ್ಳರ ಮೇಲೆ ಹೆಸರು ಕದ್ದ ಆರೋಪ.

ಕೊನೆಯ ಹೊಲಿಗೆ

ಹೊರಗಿನವರಿಗೆ ಇದು ದಿಗ್ಗಜರ ಮೆರವಣಿಗೆ. ಒಳಗೆ ಅದು ಇಳಿಹೊತ್ತಿನ ಆಸರೆ. ಹಾಡು ಮೊದಲ ಸ್ಥಾನಕ್ಕೇರಿದ ಮರುವರ್ಷವೇ ಕೊಲಂಬಿಯಾ ಕಂಪನಿ ಕ್ಯಾಶ್‌ರನ್ನು ಕೈಬಿಟ್ಟಿತು. 1988ರಲ್ಲಿ ವೇಲನ್‌ಗೆ ಹೃದಯದ ಬೈಪಾಸ್ ಆಯಿತು. ನೋಡಲು ಹೋದ ಕ್ಯಾಶ್ ತಮ್ಮನ್ನೂ ಪರೀಕ್ಷಿಸಿಕೊಂಡರು, ಕೆಲವೇ ದಿನಗಳಲ್ಲಿ ಅದೇ ಆಸ್ಪತ್ರೆಯಲ್ಲಿ ಅವರಿಗೂ ಬೈಪಾಸ್. ಅವರಿಬ್ಬರೂ ಚೇತರಿಸಿಕೊಂಡು ವೇದಿಕೆಯೇರಿದ್ದನ್ನು ಕೇಳಬೇಕೆಂದರೆ 2016ರ 'ಲೈವ್: ಅಮೆರಿಕನ್ ಔಟ್‌ಲಾಸ್' ಪೆಟ್ಟಿಗೆಯಿದೆ. ಅದರ ಜೀವಾಳ 1990ರ ಮಾರ್ಚಿನಲ್ಲಿ ನ್ಯೂಯಾರ್ಕಿನ ನಸಾವ್ ಕಲಿಸಿಯಂನಲ್ಲಿ ನಡೆದ ಕಚೇರಿ. ರೆಜ್ಜಿ ಯಂಗ್ ಅವರ ಗಿಟಾರ್, ಮಿಕ್ಕಿ ರಾಫೆಲ್ ಅವರ ಮೌತ್ ಆರ್ಗನ್ ಹಿಂದಿನಿಂದ ಸದ್ದಿಲ್ಲದೆ ನಾಲ್ವರನ್ನೂ ಹೊತ್ತುಕೊಂಡು ಹೋಗುತ್ತವೆ.

ವೇಲನ್ 2002ರ ಫೆಬ್ರವರಿಯಲ್ಲಿ ಹೋದರು, ಕ್ಯಾಶ್ 2003ರ ಸೆಪ್ಟೆಂಬರಿನಲ್ಲಿ. 2019ರಲ್ಲಿ ಬ್ರಾಂಡಿ ಕಾರ್ಲೈಲ್, ಮ್ಯಾರನ್ ಮಾರಿಸ್, ಅಮಾಂಡಾ ಶೈರ್ಸ್, ನ್ಯಾಟಲಿ ಹೆಂಬಿ 'ಹೈವುಮೆನ್' ಎಂಬ ತಂಡ ಕಟ್ಟಿ, ಜಿಮ್ಮಿ ವೆಬ್ ಒಪ್ಪಿಗೆಯಿಂದ ಆ ಹಾಡನ್ನೇ ಹೆಣ್ಣುಮಕ್ಕಳ ನಾಲ್ಕು ಜನ್ಮಗಳಾಗಿ ಹೊಸದಾಗಿ ಬರೆದರು. ಹಾಡು ತಾನು ಹೇಳಿದ ಹಾಗೆಯೇ ಮತ್ತೊಮ್ಮೆ ಮೈ ಬದಲಿಸಿತು. 2024ರ ಸೆಪ್ಟೆಂಬರ್ 28ರಂದು ಕ್ರಿಸ್ ಹವಾಯಿಯಲ್ಲಿ ಕಣ್ಮುಚ್ಚಿದಾಗ ನಾಲ್ವರಲ್ಲಿ ವಿಲ್ಲಿ ಒಬ್ಬರೇ ಉಳಿದರು.

2016ರ ಆ ಪೆಟ್ಟಿಗೆಯಲ್ಲಿ ಅಲ್ಲಿಯವರೆಗೆ ಆ ರೂಪದಲ್ಲಿ ಯಾರೂ ಕೇಳದ ಒಂದು ಹಾಡಿದೆ. ಬಾಬ್ ಡಿಲನ್‌ರ 'ಒನ್ ಟೂ ಮೆನಿ ಮಾರ್ನಿಂಗ್ಸ್' ಅನ್ನು ಕ್ಯಾಶ್ ಮತ್ತು ವೇಲನ್ ಎಂಬತ್ತರ ದಶಕದಲ್ಲಿ ತಮ್ಮ ಯುಗಳ ಆಲ್ಬಂಗೆ ಹಾಡಿದ್ದರು. ಅವರಿಬ್ಬರೂ ಹೋಗಿ ವರ್ಷಗಳಾದ ಮೇಲೆ ಆ ಟೇಪಿಗೆ ವಿಲ್ಲಿ ಮತ್ತು ಕ್ರಿಸ್ ದನಿ ಕೂಡಿಸಿದರು. 'ಗುಡ್ ಹಾರ್ಟೆಡ್ ವುಮನ್'ನಲ್ಲಿ ವೇಲನ್ ಮಾಡಿದ್ದೂ ಇದೇ ಕೆಲಸ, ಇಲ್ಲದ ಗೆಳೆಯನನ್ನು ಇದ್ದಂತೆ ಹೊಲಿಯುವುದು. ಆಗ ಅದು ಚೇಷ್ಟೆಯಾಗಿತ್ತು. ಈ ಸಲ ಕೇಳುವಾಗ ಹೊಲಿಗೆ ಎಲ್ಲಿದೆಯೆಂದು ಹುಡುಕಲು ನನಗೆ ಮನಸ್ಸಾಗಲಿಲ್ಲ.