ಮರದ ಮೇಲಿನ ರೇಟು, ಮಗಳ ಮನೆಯ ಗ್ಯಾಸು

ಹಿಂದೂಪುರದ ಹುಣಸೆಹಣ್ಣಿನ ಮಾರುಕಟ್ಟೆ ಗೊತ್ತಿಲ್ಲದ ರೈತ ನಮ್ಮ ಮಡಕಶಿರಾ ಸೀಮೆಯಲ್ಲಿ ಇರಲಾರ. ಅಲ್ಲಿ ಕರಿಪುಳಿಗೆ ಒಂದು ರೇಟು, ಫ್ಲವರಿಗೆ ಒಂದು ರೇಟು. ಇವತ್ತಿದ್ದದ್ದು ನಾಳೆ ಇರೋದಿಲ್ಲ. ಅದಕ್ಕೇ ಸಂಕ್ರಾಂತಿ ಹತ್ತಿರ ಬಂತೆಂದರೆ ವ್ಯಾಪಾರಿಗಳು ಹಳ್ಳಿ ಹಳ್ಳಿ ಸುತ್ತುತ್ತಾರೆ. ಹಣ್ಣು ಇನ್ನೂ ಮರದ ಮೇಲೇ ಇರುತ್ತದೆ. "ಚೆಟ್ಟು ಮೀದನೇ ಮಾಟ್ಲಾಡುಕುಂದಾಂ, ಅನ್ನಾ" ಅಂತಾರೆ. ಮರದ ಮೇಲೇ ಮಾತಾಡಿಕೊಳ್ಳೋಣ, ಅಂದರೆ ಈಗಲೇ ರೇಟು ಫಿಕ್ಸ್ ಮಾಡಿಬಿಡೋಣ ಅಂತ.

ನನ್ನ ಹೊಲದ ಬದುವಿನಲ್ಲಿ ಹನ್ನೊಂದು ಮರ ಇವೆ. ಒಂದು ವರ್ಷ ಎಲ್ಲವನ್ನೂ ಮರದ ಮೇಲೇ ಕೊಟ್ಟೆ. ಮಾರ್ಚಿಗೆ ರೇಟು ಏರಿತು, ಮನೆಯಾಕೆ ಎರಡು ದಿನ ಮಾತಾಡಲಿಲ್ಲ. ಇನ್ನೊಂದು ವರ್ಷ ಕೊಡದೆ ಉಳಿಸಿಕೊಂಡೆ. ಅಕಾಲ ಮಳೆ ಬಿದ್ದು ಹಣ್ಣು ಕಪ್ಪಾಯಿತು. ಬಡಿಸಿ, ಬೀಜ ತೆಗೆಸಿದ ಕೂಲಿಯೂ ಹುಟ್ಟಲಿಲ್ಲ. ಇಷ್ಟು ಪೆಟ್ಟು ತಿಂದವನು ನಾನು. ಆದರೂ ಮಗಳು ಸೀಮೆ ದಾಟಿದ ಊರಿನಿಂದ ಇದೇ ಪ್ರಶ್ನೆ ಕೇಳಿದಾಗ ತಪ್ಪು ಬುದ್ಧಿ ಹೇಳಿದೆ. ಆ ಕಥೆ ಬರೆಯೋಣ ಅನ್ನಿಸಿತು. ನಮ್ಮ ಗಡಿ ಊರುಗಳಲ್ಲೂ ಮಕ್ಕಳನ್ನು ದೂರ ದೇಶಕ್ಕೆ ಕಳಿಸಿದ ಮನೆಗಳು ಈಗ ಕಡಿಮೆ ಇಲ್ಲವಲ್ಲ.

ಅಲ್ಲಿಯ ಪದ್ಧತಿ

ಮಗಳು, ಅಳಿಯ ಇರೋದು ಇಂಗ್ಲೆಂಡಿನ ಲೆಸ್ಟರ್ ಊರಲ್ಲಿ. ಅಲ್ಲಿ ಗ್ಯಾಸು ಸಿಲಿಂಡರಿನಲ್ಲಿ ಬರೋದಲ್ಲ, ಕೊಳಾಯಿ ನೀರಿನ ಹಾಗೆ ಪೈಪಿನಲ್ಲಿ ಬರುತ್ತೆ. ಅಡಿಗೆಗಿಂತ ಮನೆ ಬಿಸಿ ಮಾಡೋಕೇ ಹೆಚ್ಚು ಬೇಕು. ಗ್ಯಾಸು, ಕರೆಂಟು ಮಾರುವ ಕಂಪನಿಗಳು ಹಲವಾರಿವೆ. ಮನೆಯವರು ತಮಗೆ ಬೇಕಾದ ಕಂಪನಿ ಹಿಡಿಯಬಹುದು, ಬಿಡಬಹುದು. ರೇಟಿನಲ್ಲೂ ಎರಡು ದಾರಿ. ಒಂದು, ವರ್ಷಕ್ಕೋ ಎರಡು ವರ್ಷಕ್ಕೋ ಕರಾರು ಬರೆದು ಯೂನಿಟ್ಟಿನ ದರ ಫಿಕ್ಸ್ ಮಾಡಿಸಿಕೊಳ್ಳೋದು. ಇನ್ನೊಂದು, ಆಯಾ ಕಾಲಕ್ಕೆ ಏರಿಳಿಯುವ ದರದಲ್ಲೇ ಹೋಗೋದು. ಈ ಎರಡನೆಯದಕ್ಕೆ ಆಫ್‌ಜೆಮ್ ಎಂಬ ಸರ್ಕಾರಿ ನಿಯಂತ್ರಣ ಸಂಸ್ಥೆ 2019ರ ಜನವರಿಯಿಂದ ಒಂದು ಮಿತಿ ಹಾಕಿದೆ. ಮೊದಲು ಆರು ತಿಂಗಳಿಗೊಮ್ಮೆ ಬದಲಾಗುತ್ತಿದ್ದ ಈ ಮಿತಿ 2022ರ ಅಕ್ಟೋಬರಿನಿಂದ ಮೂರು ತಿಂಗಳಿಗೊಮ್ಮೆ ಬದಲಾಗುತ್ತೆ.

2021ರ ಜೂನಿನಲ್ಲಿ ಮಗಳು ಫೋನು ಮಾಡಿದಳು. "ಅಪ್ಪಾ, ಎರಡು ವರ್ಷಕ್ಕೆ ರೇಟು ಫಿಕ್ಸ್ ಮಾಡ್ಕೊಳ್ಳಿ ಅಂತ ಕಂಪನಿಯೋರು ಕಾಗದ ಕಳ್ಸವ್ರೆ. ಈಗಿನ ರೇಟಿಗಿಂತ ಚೂರು ಜಾಸ್ತಿ. ಮಾಡ್ಕೊಳ್ಳೋದಾ?"

ನಾನು ವ್ಯಾಪಾರಿಯ ಗತ್ತಿನಲ್ಲಿ ಹೇಳಿದೆ: "ಬ್ಯಾಡ ಕಣಮ್ಮ. ಅವರಾಗೇ ಮನೆ ಬಾಗಿಲಿಗೆ ಬಂದವ್ರೆ ಅಂದ್ರೆ ಲಾಭ ಅವರಿಗೇ. ರೇಟು ಇಳೀತದೆ, ಸುಮ್ನಿರು."

ರೇಟು ಇಳಿಯಲಿಲ್ಲ. ಆ ವರ್ಷದ ಕೊನೆಗೇ ಗ್ಯಾಸಿನ ಸಗಟು ಬೆಲೆ ಜಗತ್ತಿನಲ್ಲೆಲ್ಲ ಏರಿತ್ತು. 2022ರ ಫೆಬ್ರವರಿಯಲ್ಲಿ ರಷ್ಯಾ ಯುಕ್ರೇನಿನ ಮೇಲೆ ನುಗ್ಗಿದ ಮೇಲೆ ಕೇಳೋದೇ ಬೇಡ. ಸಾಧಾರಣ ಮನೆಯ ವರ್ಷದ ಲೆಕ್ಕದಲ್ಲಿ ಹೇಳುವುದಾದರೆ, 2021ರ ಅಕ್ಟೋಬರಿನಲ್ಲಿ 1,277 ಪೌಂಡ್ ಇದ್ದ ಮಿತಿ 2022ರ ಏಪ್ರಿಲಿಗೆ 1,971 ಆಯಿತು. ಅಕ್ಟೋಬರಿನಲ್ಲಿ 3,549 ಆಗಬೇಕಿತ್ತು. ಸರ್ಕಾರ ನಡುವೆ ಬಂದು 2,500ಕ್ಕೆ ತಡೆದು, ಉಳಿದದ್ದನ್ನು ತಾನೇ ಹೊತ್ತಿತು. ಒಂದು ಪೌಂಡ್ ಅಂದರೆ ನಮ್ಮ ತೊಂಬತ್ತು ರೂಪಾಯಿಯ ಮೇಲೆ ಇದ್ದ ಕಾಲ ಅದು.

ಆ ಚಳಿಗಾಲ ಮೊಮ್ಮಗನಿಗೆ ವರ್ಷ ತುಂಬಿರಲಿಲ್ಲ. ಒಂದೇ ಕೋಣೆ ಬಿಸಿ ಮಾಡಿಕೊಂಡು ಮೂವರೂ ಅಲ್ಲೇ ಮಲಗುತ್ತಿದ್ದರಂತೆ. ಮಗಳು ನನ್ನನ್ನು ಒಂದು ಮಾತೂ ಅನ್ನಲಿಲ್ಲ. ವಿಡಿಯೋದಲ್ಲಿ ಮಗು ಮೂರು ಸ್ವೆಟರ್ ಹಾಕಿಕೊಂಡು ಕೂತಿದ್ದು ನೋಡಿ ನನಗೇ ಊಟ ಸೇರಲಿಲ್ಲ.

ಫಿಕ್ಸ್ ಮಾಡಿದವರೂ ಗೆಲ್ಲಲಿಲ್ಲ

ಹಾಗಂತ ಫಿಕ್ಸ್ ಮಾಡಿಕೊಂಡವರೆಲ್ಲ ಗೆದ್ದರು ಅನ್ನೋ ಹಾಗೂ ಇಲ್ಲ. ಮಗಳ ಪಕ್ಕದ ಮನೆಯವರು ಕಡಿಮೆ ದರಕ್ಕೆ ಒಂದು ಸಣ್ಣ ಕಂಪನಿಯಲ್ಲಿ ಕರಾರು ಮಾಡಿಕೊಂಡಿದ್ದರು. ಕೊಂಡ ಬೆಲೆ ಏರಿ, ಮಾರುವ ಬೆಲೆ ಕಟ್ಟಿಹಾಕಿಕೊಂಡಿದ್ದ ಆ ಕಂಪನಿ ಬಾಗಿಲು ಹಾಕಿತು. 2021, 2022ರಲ್ಲಿ ಹೀಗೆ ಮುಳುಗಿದ ಕಂಪನಿಗಳು ಮೂವತ್ತಕ್ಕೆ ಹತ್ತಿರ. ಕರೆಂಟು, ಗ್ಯಾಸು ನಿಲ್ಲಲಿಲ್ಲ. ಆಫ್‌ಜೆಮ್ ಬೇರೆ ಕಂಪನಿಗೆ ವರ್ಗ ಮಾಡಿತು. ಮುಂಗಡ ಕಟ್ಟಿದ ದುಡ್ಡೂ ಮುಳುಗಲಿಲ್ಲ. ಆದರೆ ಹಳೆಯ ರೇಟು ಹೋಯಿತು. ಮುಂಗಡ ಕೊಟ್ಟ ವ್ಯಾಪಾರಿ ಊರು ಬಿಟ್ಟರೆ ಮಾತಾಡಿದ ರೇಟಿಗೆ ಏನು ಬೆಲೆ, ನಮಗೆ ಗೊತ್ತಿದ್ದದ್ದೇ.

2022ರ ಆಗಸ್ಟಿನಲ್ಲಿ ಇನ್ನೊಂದು ಥರದ ತಪ್ಪು ನಡೆಯಿತು. ಹೆದರಿದ ಕೆಲವರು ರೇಟು ಆಕಾಶದಲ್ಲಿದ್ದಾಗಲೇ ಫಿಕ್ಸ್ ಮಾಡಿಕೊಂಡರು. 2023ರ ಜುಲೈಗೆ ಮಿತಿ 2,074ಕ್ಕೆ, 2024ರ ಜುಲೈಗೆ 1,568ಕ್ಕೆ ಇಳಿಯಿತು. ಆಸೆಯಿಂದ ಕಾದು ಕೆಟ್ಟೋನು ನಾನು, ಹೆದರಿ ಆತುರ ಬಿದ್ದು ಕೆಟ್ಟೋರು ಅವರು.

ಲೆಕ್ಕ ಹಾಕಿದ್ದು

2024ರ ಅಕ್ಟೋಬರಿನಲ್ಲಿ ಮಗಳು ಮತ್ತೆ ಕೇಳಿದಳು. ಈ ಸಲ ನಾನು ಬಾಯಿಮಾತಿನ ಬುದ್ಧಿ ಹೇಳಲಿಲ್ಲ. "ನಿಮ್ಮನೇಲಿ ಹೋದ ವರ್ಷ ಎಷ್ಟು ಯೂನಿಟ್ ಸುಟ್ಟಿದ್ದೀರಿ, ಬರೆದು ಕಳಿಸು" ಅಂದೆ. ಕಳಿಸಿದಳು. ಅಲ್ಲಿಯ ಸಾಧಾರಣ ಮನೆಗೆ ಆಗ ಲೆಕ್ಕ ಹಿಡಿಯುತ್ತಿದ್ದದ್ದು ವರ್ಷಕ್ಕೆ 2,700 ಯೂನಿಟ್ ಕರೆಂಟು, 11,500 ಯೂನಿಟ್ ಗ್ಯಾಸು. ಆಗಿನ ಮಿತಿ ಕರೆಂಟಿಗೆ ಯೂನಿಟ್ಟಿಗೆ 24.50 ಪೆನ್ನಿ, ಗ್ಯಾಸಿಗೆ 6.24 ಪೆನ್ನಿ. ನೂರು ಪೆನ್ನಿಗೆ ಒಂದು ಪೌಂಡ್. ಕರೆಂಟು 661 ಪೌಂಡ್, ಗ್ಯಾಸು 718 ಪೌಂಡ್ ಆಯಿತು. ಇದಲ್ಲದೆ ಸುಡಲಿ ಬಿಡಲಿ, ದಿನಕ್ಕಿಷ್ಟು ಅಂತ ಒಂದು ಶುಲ್ಕ ಇದೆ, ನಮ್ಮ ಬಿಲ್ಲಿನ ಫಿಕ್ಸೆಡ್ ಚಾರ್ಜಿನ ಹಾಗೆ. ಎರಡೂ ಸೇರಿ ದಿನಕ್ಕೆ 92.65 ಪೆನ್ನಿ, ವರ್ಷಕ್ಕೆ 338 ಪೌಂಡ್. ಒಟ್ಟು 1,717 ಪೌಂಡ್. ಮಿತಿ ಅಂದರೆ ಬಿಲ್ಲಿಗೆ ಮಿತಿ ಅಂತ ಮಗಳು ತಿಳಿದಿದ್ದಳು. ಅಲ್ಲ, ಮಿತಿ ಇರೋದು ಯೂನಿಟ್ಟಿನ ದರಕ್ಕೆ, ದಿನದ ಶುಲ್ಕಕ್ಕೆ. ಹೆಚ್ಚು ಸುಟ್ಟರೆ ಹೆಚ್ಚು ಬಿಲ್ಲೇ. ಫಿಕ್ಸ್ ಮಾಡಿಸಿದರೂ ಅಷ್ಟೇ.

ಆಮೇಲೆ ಮೂರು ಪ್ರಶ್ನೆ ಕೇಳಿದೆ. ಕಂಪನಿ ಕೊಡುವ ದರಕ್ಕೆ ನಿಮ್ಮ ಯೂನಿಟ್ ಗುಣಿಸಿದರೆ ಎಷ್ಟಾಗುತ್ತೆ? ನಡುವೆ ಬಿಟ್ಟರೆ ದಂಡ ಎಷ್ಟು? ರೇಟು ಏರಿದರೆ ತಡೆದುಕೊಳ್ಳೋ ಶಕ್ತಿ ಮನೆಗೆ ಇದೆಯಾ? ಮೊದಲನೆಯದು ಮಿತಿಗಿಂತ ಸ್ವಲ್ಪ ಕಡಿಮೆ ಬಂತು. ದಂಡ ಇತ್ತು, ಆದರೆ ಕರಾರಿನ ಕೊನೆಯ 49 ದಿನ ದಂಡ ಹಾಕುವ ಹಾಗಿಲ್ಲ ಅಂತ ಅಲ್ಲಿಯ ನಿಯಮ. ಮೂರನೆಯದಕ್ಕೆ ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಇಲ್ಲಪ್ಪ" ಅಂದಳು.

"ಹಾಗಾದ್ರೆ ಫಿಕ್ಸ್ ಮಾಡು ತಾಯಿ. ಇಳಿದ್ರೆ ಇಳೀಲಿ, ಹೊಟ್ಟೆ ಉರ್ಕೋಬ್ಯಾಡ" ಅಂದೆ. ಮಿತಿ 2025ರ ಜನವರಿಗೆ 1,738, ಏಪ್ರಿಲಿಗೆ 1,849 ಆಯಿತು. ಈ ಸಲ ಗೆದ್ದಳು. ಇಳಿದಿದ್ದರೂ ನಾನು ಅದೇ ಬುದ್ಧಿ ಹೇಳುತ್ತಿದ್ದೆ. ಯಾಕಂದರೆ ಮೂರನೆಯ ಪ್ರಶ್ನೆಯೇ ದೊಡ್ಡದು. ತಡೆಯೋ ಶಕ್ತಿ ಇದ್ದವನು ಮಾರುಕಟ್ಟೆಯ ಜೊತೆ ಆಡಬಹುದು. ಕೈಗೂಸು ಇರುವ ಮನೆ ಆಡಬಾರದು.

ನಮ್ಮ ಕಡೆ

ನಮಗೆ ಇಂಥ ಆಯ್ಕೆಯೇ ಇಲ್ಲ. ಆಂಧ್ರದಲ್ಲಾಗಲಿ ಕರ್ನಾಟಕದಲ್ಲಾಗಲಿ ಕರೆಂಟಿನ ದರ ನಿಗದಿ ಮಾಡೋದು ರಾಜ್ಯದ ವಿದ್ಯುತ್ ನಿಯಂತ್ರಣ ಆಯೋಗ. ಮನೆಯವನು ಕಂಪನಿ ಬದಲಿಸುವ ಹಾಗಿಲ್ಲ. ನಿಗದಿ ಅಂದರೂ ಹಿಂದಿನ ತಿಂಗಳುಗಳ ಸರ್ದುಬಾಟು ಅಂತ ಬಿಲ್ಲಿನ ಕೆಳಗೆ ಇನ್ನೊಂದು ಸಾಲು ಬಂದು ಕೂರುತ್ತೆ. ಸಿಲಿಂಡರಿನ ದರ ದೆಹಲಿಯಲ್ಲಿ 2023ರ ಮಾರ್ಚಿನಲ್ಲಿ 1,103 ರೂಪಾಯಿ ಇದ್ದದ್ದು ಒಂದು ವರ್ಷದಲ್ಲಿ 803ಕ್ಕೆ ಇಳಿಯಿತು, 2025ರ ಏಪ್ರಿಲಿನಲ್ಲಿ 853 ಆಯಿತು. ಏರಿಸಿದ್ದೂ ಇಳಿಸಿದ್ದೂ ನಮ್ಮನ್ನು ಕೇಳಿ ಅಲ್ಲ. ನಾವಾಗಿ ರೇಟು ಕಟ್ಟಿಕೊಳ್ಳುವ ದಾರಿ ಅಂದರೆ ಮಾಳಿಗೆ ಮೇಲೆ ಸೋಲಾರ್ ಹಲಗೆ, ಹಿತ್ತಿಲಲ್ಲಿ ಗೋಬರ್ ಗ್ಯಾಸು. 2024ರಲ್ಲಿ ಬಂದ ಕೇಂದ್ರದ ಸೂರ್ಯಘರ್ ಯೋಜನೆಯಲ್ಲಿ ಮೂರು ಕಿಲೋವಾಟಿಗೆ 78,000 ರೂಪಾಯಿ ಸಬ್ಸಿಡಿ ಇಟ್ಟರು. ಉಳಿದ ದುಡ್ಡು ನಾವು ಮೊದಲೇ ಸುರಿಯಬೇಕು. ಅದೂ ಒಂದು ಥರ ಮರದ ಮೇಲಿನ ವ್ಯಾಪಾರವೇ. ಅಲ್ಲಿಯೂ ಆ ಮೂರು ಪ್ರಶ್ನೆ ಕೇಳಿಕೊಂಡೇ ಕೈ ಹಾಕಬೇಕು.

ಮೊನ್ನೆ ಸುಗ್ಗಿಯಲ್ಲಿ ವ್ಯಾಪಾರಿ ಬಂದಾಗ ನಾನು ಐದು ಮರ ಮಾತಾಡಿ ಕೊಟ್ಟೆ, ಆರು ಉಳಿಸಿಕೊಂಡೆ. ಐದು ಮರದ ದುಡ್ಡು ಸೊಸೈಟಿ ಸಾಲದ ಕಂತಿಗೆ ಸರಿಹೋಗುತ್ತಿತ್ತು. ಉಳಿದ ಆರು ಮರದ ಮೇಲೆ ಮಳೆ ಬಿದ್ದರೂ ಮನೆ ಮುಳುಗದು. ಮಗಳಿಗೆ ಹೇಳಿದೆ. "ನನಗೆ ಹೇಳಿಕೊಟ್ಟು ನೀನೂ ಕಲ್ತೆ ಬಿಡಪ್ಪ" ಅಂತ ನಕ್ಕಳು. ಹಿಂದೆ ಮೊಮ್ಮಗ ತೆಳ್ಳನೆ ಅಂಗಿಯಲ್ಲಿ ಓಡಾಡುತ್ತಿದ್ದ.