ಅಮ್ಮನ ಕಾಯಿಲೆ, ಮಕ್ಕಳ ದಿನಚರಿ

ಮನೋವೈದ್ಯರು ರೋಗಿಯನ್ನು ಬಹಳಷ್ಟು ಕೇಳುತ್ತಾರೆ. ನಿದ್ದೆ ಬರುತ್ತದೆಯೇ, ಊಟ ಸೇರುತ್ತದೆಯೇ, ಸಾಯುವ ಯೋಚನೆ ಬಂದಿತ್ತೇ, ಮನೆತನದಲ್ಲಿ ಬೇರೆ ಯಾರಿಗಾದರೂ ಹೀಗಿತ್ತೇ. ಇಷ್ಟೆಲ್ಲ ಕೇಳಿದ ಮೇಲೂ ಒಂದು ಪ್ರಶ್ನೆ ಎಷ್ಟೋ ಸಲ ಉಳಿದುಬಿಡುತ್ತದೆ: ಮನೆಯಲ್ಲಿ ಚಿಕ್ಕ ಮಕ್ಕಳಿದ್ದಾರಾ, ಅವರನ್ನು ಈಗ ಯಾರು ನೋಡಿಕೊಳ್ಳುತ್ತಿದ್ದಾರೆ? ನಾರ್ವೆ ದೇಶದಲ್ಲಿ ಇದು ವೈದ್ಯರ ಮರ್ಜಿಗೆ ಬಿಟ್ಟ ವಿಷಯವಲ್ಲ. ಮಾನಸಿಕ ಕಾಯಿಲೆ, ವ್ಯಸನ ಅಥವಾ ಗಂಭೀರ ದೈಹಿಕ ಕಾಯಿಲೆಯ ರೋಗಿಗಳಿಗೆ ಅಪ್ರಾಪ್ತ ಮಕ್ಕಳಿದ್ದರೆ, ಅವರಿಗೆ ಬೇಕಾದ ಮಾಹಿತಿ ಮತ್ತು ನೆರವಿನ ಕಡೆ ಗಮನ ಕೊಡಬೇಕೆಂದು 2010ರಿಂದ ಅಲ್ಲಿನ ಕಾನೂನೇ ಹೇಳುತ್ತದೆ.

ಹೆತ್ತವರ ಮಾನಸಿಕ ಕಾಯಿಲೆ ಮಕ್ಕಳನ್ನು ಹೇಗೆ ತಟ್ಟುತ್ತದೆ ಎಂದರೆ ನಮಗೆ ಥಟ್ಟನೆ ಹೊಳೆಯುವುದು ವಂಶವಾಹಿ. ಅದರ ಪಾತ್ರ ಇದ್ದೇ ಇದೆ. ಆದರೆ ಮಾತನ್ನು ಅಲ್ಲಿಗೇ ನಿಲ್ಲಿಸಿದರೆ ಕೈಕಟ್ಟಿ ಕೂರುವುದಷ್ಟೇ ಉಳಿಯುತ್ತದೆ. ಸಂಬಂಧ ನೋಡುವಾಗ ‘ಅವರ ಮನೆಯಲ್ಲಿ ತಲೆ ಕೆಟ್ಟವರಿದ್ದಾರಂತೆ’ ಎಂದು ಪಿಸುಗುಡುವವರಿಗೂ ಅದೇ ಬೇಕು. ಕಾಯಿಲೆ ಮಗುವನ್ನು ಮುಟ್ಟುವ ಇನ್ನೊಂದು ದಾರಿ ತೀರಾ ಸಾಮಾನ್ಯವಾದದ್ದು, ತಿದ್ದಲು ಸಾಧ್ಯವಿರುವಂಥದ್ದು. ಅದು ಮನೆಯ ದಿನಚರಿ.

ಖಿನ್ನತೆ ತೀವ್ರವಾಗಿರುವ ಹಲವರಿಗೆ ಬೆಳಗಿನ ಹೊತ್ತೇ ಎಲ್ಲಕ್ಕಿಂತ ಭಾರ. ಮಗುವಿನ ದಿನ ನಿಂತಿರುವುದೂ ಅದೇ ಹೊತ್ತಿನ ಮೇಲೆ. ಎಬ್ಬಿಸಬೇಕು, ನೀರು ಕಾಯಿಸಬೇಕು, ಜಡೆ ಹಾಕಬೇಕು, ಡಬ್ಬಿ ಕಟ್ಟಬೇಕು. ಅಮ್ಮ ಏಳಲಾಗದ ದಿನ ಹತ್ತು ವರ್ಷದ ಅಕ್ಕನೇ ತಮ್ಮನನ್ನು ಎಬ್ಬಿಸುತ್ತಾಳೆ, ರಾತ್ರಿಯ ಅನ್ನಕ್ಕೆ ಒಗ್ಗರಣೆ ಹಾಕುತ್ತಾಳೆ, ಮಾತ್ರೆಯೊಂದನ್ನು ಬಿಡಿಸಿ ಅಮ್ಮನ ಕೈಗಿಡುತ್ತಾಳೆ. ಇಬ್ಬರೂ ಓಡೋಡಿ ಶಾಲೆ ಮುಟ್ಟುವಷ್ಟರಲ್ಲಿ ಪ್ರಾರ್ಥನೆ ಮುಗಿದಿರುತ್ತದೆ. ಬೈಪೋಲಾರ್ ಕಾಯಿಲೆ ಉನ್ಮಾದಕ್ಕೆ ತಿರುಗಿದಾಗ ಕಷ್ಟ ಬೇರೆ ಥರದ್ದು: ರಾತ್ರಿ ಎರಡಾದರೂ ಅಪ್ಪನ ಮಾತು ನಿಲ್ಲುವುದಿಲ್ಲ, ದೀಪ ಆರುವುದಿಲ್ಲ, ಮಕ್ಕಳಿಗೆ ನಿದ್ದೆಯಿಲ್ಲ. ಸ್ಕಿಜೋಫ್ರೀನಿಯಾದ ಸಂಶಯ ಹೊಕ್ಕ ಮನೆಯಲ್ಲಿ ಅಕ್ಕಪಕ್ಕದವರ ಜೊತೆ ಆಟವೇ ನಿಂತುಹೋಗಬಹುದು. ಎಷ್ಟೋ ಮಕ್ಕಳು ಗೆಳೆಯರನ್ನು ಮನೆಗೆ ಕರೆಯುವುದನ್ನು ತಾವಾಗಿಯೇ ಬಿಟ್ಟುಬಿಡುತ್ತಾರೆ.

ಹಸುಗೂಸಿಗೆ ಶಾಲೆಯಿಲ್ಲ, ಡಬ್ಬಿಯಿಲ್ಲ. ಅದರ ಇಡೀ ದಿನಚರಿ ಎಂದರೆ ಎತ್ತಿಕೊಂಡವರ ಮುಖ. ಅಮೆರಿಕದ ಮನೋವಿಜ್ಞಾನಿ ಎಡ್ವರ್ಡ್ ಟ್ರಾನಿಕ್ 1970ರ ದಶಕದಲ್ಲಿ ಇದನ್ನು ಸರಳವಾದೊಂದು ಪ್ರಯೋಗದಲ್ಲಿ ತೋರಿಸಿದರು. ಮಗುವಿನೊಡನೆ ನಗುತ್ತ ಆಡುತ್ತಿದ್ದ ತಾಯಿ, ಹೇಳಿದ ಹೊತ್ತಿಗೆ ಒಂದೆರಡು ನಿಮಿಷ ಮುಖದಲ್ಲಿ ಯಾವ ಭಾವವೂ ಇಲ್ಲದೆ ಮಗುವನ್ನು ಸುಮ್ಮನೆ ನೋಡುತ್ತ ಕೂರಬೇಕು. ಮಗು ಮೊದಲು ನಕ್ಕು ಕರೆಯುತ್ತದೆ, ಕೈ ಚಾಚುತ್ತದೆ, ಕೇಕೆ ಹಾಕುತ್ತದೆ. ಏನು ಮಾಡಿದರೂ ಆ ಮುಖ ಕದಲದಿದ್ದಾಗ ಕಣ್ಣು ತಪ್ಪಿಸುತ್ತದೆ, ಕೊನೆಗೆ ಅಳುತ್ತದೆ. ಇದನ್ನು ಓದಿ ಗಾಬರಿಯಾಗುವ ತಾಯಂದಿರಿಗೊಂದು ಮಾತು: ಆರೋಗ್ಯವಂತ ತಾಯಿಯೂ ಮಗುವಿನ ಪ್ರತಿ ಕರೆಗೆ ಓಗೊಡುವುದಿಲ್ಲ, ಒಲೆಯ ಮೇಲೆ ಹಾಲಿಟ್ಟವಳಿಗೆ ಅದು ಸಾಧ್ಯವೂ ಇಲ್ಲ. ತಪ್ಪಿದ ತಾಳ ಮತ್ತೆ ಕೂಡಿಕೊಂಡರೆ ಸಾಕು ಎಂಬುದನ್ನೂ ಟ್ರಾನಿಕ್ ಅವರೇ ಹೇಳಿದ್ದಾರೆ. ಖಿನ್ನತೆಯಲ್ಲಿ ಆ ಕೂಡಿಕೊಳ್ಳುವಿಕೆಯೇ ಕಷ್ಟವಾಗುತ್ತದೆ.

ಹೆರಿಗೆಯ ನಂತರ ಖಿನ್ನತೆಗೆ ಒಳಗಾದ ತಾಯಂದಿರ ಕೂಸುಗಳು ಆರು ತಿಂಗಳಿಗೆ ತೂಕದಲ್ಲಿ ಹಿಂದೆ ಬೀಳುವುದು ಹೆಚ್ಚು ಎಂದು ಗೋವಾದಲ್ಲಿ ವಿಕ್ರಂ ಪಟೇಲ್ ಮತ್ತು ಸಂಗಡಿಗರು 2003ರಲ್ಲಿ ವರದಿ ಮಾಡಿದ್ದರು. ಹಾಗಾದರೆ ತಾಯಿಗೆ ಚಿಕಿತ್ಸೆ ಕೊಟ್ಟರೆ ಮಗುವಿನ ತೂಕ ಏರುತ್ತದೆಯೇ? ಪಾಕಿಸ್ತಾನದ ರಾವಲ್ಪಿಂಡಿ ಸುತ್ತಲ ಹಳ್ಳಿಗಳಲ್ಲಿ ಅತೀಫ್ ರೆಹಮಾನ್ ತಂಡ ಇದನ್ನೇ ಪರೀಕ್ಷಿಸಿತು. ಖಿನ್ನತೆಯಿದ್ದ ಸುಮಾರು 900 ಗರ್ಭಿಣಿಯರಲ್ಲಿ ಅರ್ಧದಷ್ಟು ಜನರಿಗೆ, ನಮ್ಮ ಆಶಾ ಕಾರ್ಯಕರ್ತೆಯರಂಥ ಹಳ್ಳಿಯ ಆರೋಗ್ಯ ಕಾರ್ಯಕರ್ತೆಯರೇ ತರಬೇತಿ ಪಡೆದು ಮನೆಗೆ ಹೋಗಿ ಆಪ್ತ ಸಲಹೆ ಕೊಟ್ಟರು. 2008ರಲ್ಲಿ ಫಲಿತಾಂಶ ಪ್ರಕಟವಾಯಿತು. ಮಗುವಿಗೆ ಆರು ತಿಂಗಳಾದಾಗ, ಸಲಹೆ ಪಡೆದವರಲ್ಲಿ ಖಿನ್ನತೆ ಉಳಿದಿದ್ದವರು ಶೇ 23, ಉಳಿದವರಲ್ಲಿ ಶೇ 53. ಕೂಸುಗಳ ತೂಕ, ಎತ್ತರದಲ್ಲಿ ಮಾತ್ರ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಬದಲಾದದ್ದು ದಿನಚರಿ! ಮಕ್ಕಳಿಗೆ ಭೇದಿ ಕಡಿಮೆಯಾಗಿತ್ತು, ಲಸಿಕೆ ತಪ್ಪುವುದು ಕಡಿಮೆಯಾಗಿತ್ತು, ತಾಯಂದಿರು ಮಗುವಿನೊಡನೆ ಹೆಚ್ಚು ಹೊತ್ತು ಆಡುತ್ತಿದ್ದರು. ತಂದೆಯರೂ ಆಡುತ್ತಿದ್ದರು. ನನ್ನ ಮಟ್ಟಿಗೆ ಇಡೀ ಅಧ್ಯಯನದ ಸಿಹಿಸುದ್ದಿ ಆ ತಂದೆಯರೇ.

ದೊಡ್ಡ ಮಕ್ಕಳ ಬಗ್ಗೆ ಅಮೆರಿಕದಿಂದ ಬಂದ ಮಾಹಿತಿಯೂ ಇದೇ ದಿಕ್ಕಿನದು. ಮಿರ್ನಾ ವೈಸ್‌ಮನ್ ತಂಡ ಖಿನ್ನತೆಗೆ ಔಷಧಿ ಪಡೆಯುತ್ತಿದ್ದ 151 ತಾಯಂದಿರ ಜೊತೆಗೆ ಅವರ 7ರಿಂದ 17 ವರ್ಷದ ಮಕ್ಕಳನ್ನೂ ಗಮನಿಸಿ 2006ರಲ್ಲಿ ವರದಿ ಪ್ರಕಟಿಸಿತು. ಮೊದಲೇ ಮಾನಸಿಕ ತೊಂದರೆಯಿದ್ದ ಮಕ್ಕಳಲ್ಲಿ, ಅಮ್ಮ ಮೂರು ತಿಂಗಳಲ್ಲಿ ಗುಣವಾದರೆ ಶೇ 33ರಷ್ಟು ಮಕ್ಕಳು ಚೇತರಿಸಿಕೊಂಡಿದ್ದರು. ಅಮ್ಮ ಗುಣವಾಗದ ಕಡೆ ಚೇತರಿಸಿಕೊಂಡವರು ಶೇ 12 ಮಾತ್ರ. ಔಷಧಿ ಅಮ್ಮನಿಗೆ, ಅದರ ಫಲದಲ್ಲಿ ಒಂದು ಪಾಲು ಮಗುವಿಗೂ.

ಇಂಥ ಅಧ್ಯಯನಗಳು ಹೆಚ್ಚಾಗಿ ಅಮ್ಮಂದಿರ ಸುತ್ತಲೇ ನಡೆದಿವೆ. ಮಗುವಿನ ಬೆಳಗು-ಬೈಗುಗಳನ್ನು ಅವಳೊಬ್ಬಳ ಹೆಗಲಿಗೇ ಹೊರಿಸಿರುವುದು ಅದಕ್ಕೊಂದು ಕಾರಣ. ಅದನ್ನೇ ಹಿಡಿದುಕೊಂಡು ‘ಎಲ್ಲ ನಿನ್ನಿಂದಲೇ’ ಎಂದು ಕಾಯಿಲೆ ಬಿದ್ದವಳನ್ನು ದೂರುವುದು ಶುದ್ಧ ಅನ್ಯಾಯ. ಅವಳು ಮಲಗಿದ ದಿನ ಡಬ್ಬಿ ಕಟ್ಟಲು ಅಪ್ಪನಿಗೂ ಕೈಗಳಿವೆ, ಅಜ್ಜಿಗೂ ಇವೆ.

ಹವಾಯಿ ದ್ವೀಪಸಮೂಹದ ಕವಾಯಿಯಲ್ಲಿ 1955ರಲ್ಲಿ ಹುಟ್ಟಿದ 698 ಮಕ್ಕಳನ್ನು ಎಮ್ಮಿ ವರ್ನರ್ ಮತ್ತು ಸಂಗಡಿಗರು ದಶಕಗಳ ಕಾಲ ಹಿಂಬಾಲಿಸಿದರು. ಬಡತನ, ಹೆತ್ತವರ ಮಾನಸಿಕ ಕಾಯಿಲೆಯಂಥ ಹಲವು ಹೊರೆಗಳನ್ನು ಹೊತ್ತಿದ್ದ ಮಕ್ಕಳಲ್ಲೂ ಸುಮಾರು ಮೂರರಲ್ಲೊಂದು ಪಾಲು ಸಮರ್ಥರಾಗಿ ಬೆಳೆದರು. ಅಂಥ ಹೆಚ್ಚಿನವರ ಬದುಕಿನಲ್ಲಿ ಅಜ್ಜಿಯೋ, ಅತ್ತೆಯೋ, ಮೇಷ್ಟರೋ, ನೆಚ್ಚಿಕೊಳ್ಳಬಹುದಾದ ಒಬ್ಬರಾದರೂ ಹಿರಿಯರಿದ್ದರು.

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2009ರಿಂದ ತಾಯಿ-ಮಗು ಇಬ್ಬರನ್ನೂ ಒಟ್ಟಿಗೆ ಇಟ್ಟುಕೊಂಡು ಚಿಕಿತ್ಸೆ ಕೊಡುವ ವಾರ್ಡ್ ಇದೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯೂ ಆಸ್ಪತ್ರೆಗೆ ಸೇರಿದ ತಾಯಿಯಿಂದ ಮೂರು ವರ್ಷದೊಳಗಿನ ಮಗುವನ್ನು ಸಾಮಾನ್ಯವಾಗಿ ಬೇರ್ಪಡಿಸಬಾರದು ಎನ್ನುತ್ತದೆ. ಮೂರು ದಾಟಿ ಮನೆಯಲ್ಲೇ ಉಳಿದ ಮಗುವಿನ ಊಟ, ನಿದ್ದೆ, ಶಾಲೆಯನ್ನು ನೋಡಿಕೊಳ್ಳಬೇಕಾದವರು ನೆಂಟರು, ನೆರೆಯವರು, ಮೇಷ್ಟರು. ದಿನವೂ ತಡವಾಗಿ ಬರುವ ಮಗುವನ್ನು ಹೊರಗೆ ನಿಲ್ಲಿಸುವ ಮುನ್ನ, ಮನೆಯಲ್ಲಿ ಯಾರಿಗೆ ಹುಷಾರಿಲ್ಲ ಎಂದು ಮೇಷ್ಟರು ಒಮ್ಮೆ ಕೇಳಲಿ. ಅಪ್ಪ-ಅಮ್ಮಂದಿರಿಗೆ ನೆರವು ಬೇಕೆನಿಸಿದರೆ 14416ಕ್ಕೆ ಕರೆ ಮಾಡಿ. ಇದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ, ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು.